ಇಡೀ ಕೈ ಎತ್ತಿದವನು

ಸಮುದ್ರದ ಮೇಲೆ ಒಂದು ಬಿಳಿ ಕಾರು ತೂಗುತ್ತಿತ್ತು.

ಹಡಗಿನ ಕ್ರೇನ್ ಅದನ್ನು ನಾಲ್ಕು ಪಟ್ಟಿಗಳಲ್ಲಿ ಎತ್ತಿ ಹಿಡಿದಿತ್ತು. ಕೆಳಗೆ ಜೋಡಿಸಿ ಕಟ್ಟಿದ ಎರಡು ದೋಣಿಗಳು, ಅವುಗಳ ಮೇಲೆ ಅಡ್ಡಲಾಗಿ ಹಾಸಿದ ಹಲಗೆಗಳು. ಅಲೆ ಬಂದಾಗ ಹಲಗೆ ಕಾರಿನ ಕಡೆಗೆ ಏಳುತ್ತಿತ್ತು, ಅಲೆ ಹೋದಾಗ ಒಂದಾಳು ಆಳಕ್ಕೆ ಕುಸಿಯುತ್ತಿತ್ತು. ಪೆಸಿಫಿಕ್ ಸಾಗರದ ನಾರ್ಫೋಕ್ ದ್ವೀಪಕ್ಕೆ ಬಂದರಿಲ್ಲ. ಹಡಗು ದೂರದಲ್ಲೇ ನಿಲ್ಲುತ್ತದೆ. ಹಿಟ್ಟಿನ ಮೂಟೆಯಿಂದ ಪಿಯಾನೋವರೆಗೆ ಎಲ್ಲವೂ ಹೀಗೆ ಗಾಳಿಯಲ್ಲಿ ತೇಲಿ, ನೀರಲ್ಲಿ ತೇಲಿಯೇ ಮನೆ ಸೇರಬೇಕು.

ಲೋರ್ನಾ ನೋಬ್ಸ್ ಮೂವತ್ನಾಲ್ಕು ವರ್ಷಗಳಿಂದ ಇದನ್ನು ನೋಡುತ್ತ ಬಂದಿದ್ದಳು. ಆದರೂ ಕಟ್ಟೆಯ ಮೇಲೆ ಉಸಿರು ಬಿಗಿಹಿಡಿದು ನಿಂತಿದ್ದಳು.

"ಉಸಿರು ಬಿಡು ಮಾರಾಯ್ತಿ," ಎಂದರು ಪಕ್ಕದಲ್ಲಿದ್ದ ಮೇವಿಸ್ ಆಂಟಿ. "ನೀನು ಹಿಡ್ಕೊಂಡ್ರೆ ಕ್ರೇನ್‌ಗೆ ಬಲ ಬರುತ್ತಾ?"

ಎಪ್ಪತ್ತರ ಮೇವಿಸ್ ಆಂಟಿಗೆ ಊರಿನಲ್ಲಿ ಗ್ಯಾರೇಜು. ಉಗುರಿನ ಸಂದಿಯಲ್ಲಿ ಗ್ರೀಸು, ಕಿವಿಯಲ್ಲಿ ಮುತ್ತಿನ ಓಲೆ. ಈ ಹಡಗಿನಲ್ಲಿ ಅವರು ಎರಡು ಹೊಸ ಕಾಂಪ್ಯಾಕ್ಟ್ ಎಸ್‌ಯುವಿಗಳನ್ನು ತರಿಸಿದ್ದರು, ಒಂದು ಬಿಳಿ, ಒಂದು ನೀಲಿ. ಎರಡರಲ್ಲಿ ಒಂದು ಲೋರ್ನಾಳದು. ಯಾವುದೆಂದು ಅವಳಿಗೇ ಗೊತ್ತಿರಲಿಲ್ಲ.

"ನಾಳೆ ಬುಧವಾರ ಬಿಳಿಯದನ್ನ ಓಡಿಸು. ಗುರುವಾರ ನೀಲಿ. ಶುಕ್ರವಾರ ಬೆಳಿಗ್ಗೆ ಹೇಳು. ಉಳಿದದ್ದು ಟೂರಿಸ್ಟುಗಳಿಗೆ ಬಾಡಿಗೆಗೆ ಹೋಗುತ್ತೆ."

"ಆಂಟಿ, ಅಲ್ಲೀತನಕ ಯಾರಿಗೂ ಹೇಳಬೇಡಿ."

"ಏನನ್ನ? ನೀನು ಕಾರು ತಗೋತೀಯ ಅನ್ನೋದನ್ನ? ಅದರಲ್ಲೇನೇ ಗುಟ್ಟು?"

"ಎರಡೇ ದಿನ. ನನಗೋಸ್ಕರ."

ಮೇವಿಸ್ ಆಂಟಿ ಅವಳ ಮುಖ ನೋಡಿದರು. ಆಮೇಲೆ ಅವಳ ಕಣ್ಣು ಹೋದ ಕಡೆ ನೋಡಿದರು. ಅಲ್ಲಿ, ಜೋಡಿ ದೋಣಿಗಳನ್ನು ಎಳೆಯುವ ಮೋಟಾರು ದೋಣಿಯಲ್ಲಿ, ಚುಕ್ಕಾಣಿ ಹಿಡಿದು ನಿಂತಿದ್ದ ರೂಬೆನ್ ಕ್ವಿಂಟಾಲ್. ಅಲೆ ಏಳುವುದನ್ನು ಕಾಯುತ್ತ, ಒಂದು ಕೈ ಮೇಲೆತ್ತಿ ಕ್ರೇನಿನವನಿಗೆ ತಾಳು, ತಾಳು ಎನ್ನುತ್ತಿದ್ದ. ಅಲೆ ತುದಿ ಮುಟ್ಟಿದ ಆ ಒಂದು ಕ್ಷಣ ಕೈ ಕೆಳಗಿಳಿಸಿದ. ಅಷ್ಟು ಭಾರದ ಕಾರು ಹಲಗೆಯ ಮೇಲೆ ಬೆಕ್ಕು ಕೂತಂತೆ ಕೂತಿತು.

ಇಡೀ ಸಮುದ್ರ ಅವನ ಮಾತು ಕೇಳಿದ ಹಾಗಿತ್ತು.

"ಹೂಂ," ಎಂದರು ಮೇವಿಸ್ ಆಂಟಿ. ಆ ಒಂದು ಹೂಂ ಲೋರ್ನಾಗೆ ಮಾತಿಗಿಂತ ಹೆಚ್ಚು ಭಯ ತಂದಿತು.

ನೀಲಿ ಕಾರೂ ದಡ ಸೇರಿದ ಮೇಲೆ ರೂಬೆನ್ ತೊಯ್ದು ತೊಪ್ಪೆಯಾಗಿ ಮೆಟ್ಟಿಲು ಹತ್ತಿ ಬಂದ.

"ಲೋರ್ನಾ! ಎಲ್ಲಿ ಕೆಂಪಿ?"

"ಗ್ಯಾರೇಜಲ್ಲಿ. ಮೈ ಸರಿ ಇಲ್ಲ."

"ಅದಕ್ಕೇ ಬೆಳಿಗ್ಗೆ ಕಾಣಲಿಲ್ಲ." ಅವನು ಕೂದಲಿನ ನೀರು ಹಿಂಡಿದ. "ಯಾರಿಗೆ ಆಂಟಿ ಈ ಇಬ್ಬರು ಮದುಮಕ್ಕಳು?"

"ಟೂರಿಸ್ಟುಗಳಿಗೆ," ಎಂದರು ಮೇವಿಸ್ ಆಂಟಿ, ಚರ್ಚಿನಲ್ಲಿ ನಿಂತವರ ಮುಖ ಮಾಡಿಕೊಂಡು.

ಕೆಂಪಿಯನ್ನು ಕೇಳಿದ, ನನ್ನ ಹಳೆಯ ಕಾರನ್ನು, ಎಂದುಕೊಂಡಳು ಲೋರ್ನಾ. ನನ್ನನ್ನಲ್ಲ.

ಆ ದ್ವೀಪದಲ್ಲಿ ಎದುರು ಗಾಡಿ ಬಂದರೆ ಸ್ಟೇರಿಂಗಿನಿಂದ ಒಂದು ಬೆರಳು ಎತ್ತಬೇಕು. ಎಲ್ಲರೂ ಎಲ್ಲರಿಗೂ ಎತ್ತುತ್ತಾರೆ. ಬೇಲಿಯ ಜಗಳದಲ್ಲಿ ಹತ್ತು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರು ಕೂಡ ಬೆರಳು ಮಾತ್ರ ಬಿಟ್ಟಿಲ್ಲ.

ರೂಬೆನ್ ಎತ್ತುತ್ತಿದ್ದದ್ದು ಇಡೀ ಕೈ.

ಐದೂ ಬೆರಳು ಬಿಡಿಸಿ, ತಲೆ ತುಸು ವಾಲಿಸಿ, ಇಬ್ಬರಿಗೆ ಮಾತ್ರ ಗೊತ್ತಿರುವ ತಮಾಷೆಯೊಂದು ಈಗಷ್ಟೇ ನೆನಪಾದವನಂತೆ. ನಾಲ್ಕು ವರ್ಷಗಳಿಂದ, ಬೆಳಿಗ್ಗೆ ಎಂಟರ ಆಸುಪಾಸು, ಮಿಷನ್ ರಸ್ತೆಯ ತಿರುವಿನಲ್ಲಿ. ಲೋರ್ನಾ ಮನೆಮನೆಗೆ ಹೋಗಿ ವಯಸ್ಸಾದವರ ಬಿಪಿ ನೋಡುವ ನರ್ಸು. ಯಾವ ಮನೆಯಿಂದ ಶುರುಮಾಡಿದರೂ ನಡೆಯುತ್ತಿತ್ತು. ನಾಲ್ಕು ವರ್ಷಗಳಿಂದ ಅವಳು ಆ ತಿರುವಿನ ಆಚೆಯ ಮನೆಯಿಂದಲೇ ಶುರುಮಾಡುತ್ತಿದ್ದಳು. ಕೈ ಕಾಣುವುದು ಎರಡು ಸೆಕೆಂಡು. ಆ ಎರಡು ಸೆಕೆಂಡಿನಲ್ಲಿ ದಿನ ಪೂರ್ತಿ ಬೆಳಕಾಗುತ್ತಿತ್ತು.

ಆದರೆ ಕೆಂಪಿ ಮೊದಲು ರೂಬೆನ್‌ನ ಅಮ್ಮನ ಕಾರು. ಅವರು ತೀರಿಕೊಂಡ ಎರಡು ತಿಂಗಳಿಗೆ ಲೋರ್ನಾ ಅದನ್ನು ಕೊಂಡಿದ್ದಳು. ಬಾಗಿಲಿನ ತಗ್ಗು, ಮಾಸಿ ಗುಲಾಬಿಗೆ ತಿರುಗಿದ ಬಣ್ಣ, ಎಲ್ಲವೂ ಅವರ ಕಾಲದವೇ. ಅಮ್ಮನ ಕಾರು ಕಂಡು ಮಗ ಕೈ ಎತ್ತಿದರೆ ಅದರಲ್ಲಿ ಲೋರ್ನಾಗೆ ಏನು ಪಾಲು? ಇದನ್ನು ಯಾರಲ್ಲಿ ಕೇಳಬೇಕು, ಹೇಗೆ ಕೇಳಬೇಕು? ಈಗ ಉಪ್ಪುಗಾಳಿ ಕೆಂಪಿಯ ತಳವನ್ನೇ ತಿಂದುಹಾಕಿತ್ತು. ಇನ್ನು ಕಾರು ಇರುವುದಿಲ್ಲ, ಅವಳಿರುತ್ತಾಳೆ. ಆ ಕೈ ಯಾರಿಗಾಗಿ ಏಳುತ್ತಿತ್ತು ಎಂಬುದು ತಾನಾಗಿ ತಿಳಿಯುತ್ತದೆ.

ತಿಳಿಯುವುದೇ ಬೇಡವಾಗಿತ್ತೇನೋ.

*

ಬುಧವಾರ ಬಿಳಿ ಕಾರು ಅವಳನ್ನು ಮಹಾರಾಣಿಯಂತೆ ಕೂರಿಸಿಕೊಂಡಿತು. ಎತ್ತರದ ಸೀಟು, ತಣ್ಣನೆಯ ಗಾಳಿ, ಹಿಂದೆ ಕ್ಯಾಮೆರಾ, ಮುಂದೆ ಕ್ಯಾಮೆರಾ. ರಸ್ತೆಯ ಅಂಚಿಗೆ ಸರಿದರೆ ಕೂಗಿತು. ಹಸು ಕಂಡರೆ ಕೂಗಿತು. ಹಸುವಿನ ಬಾಲ ಅಲ್ಲಾಡಿದರೂ ಕೂಗಿತು. ತನಗಿಂತ ಹೆಚ್ಚು ಹೆದರುವ ಜೀವವೊಂದನ್ನು ಲೋರ್ನಾ ಮೊದಲ ಬಾರಿ ಕಂಡಳು.

ಮುಂದಿನ ಗಾಜು ಮಾತ್ರ ವಿಪರೀತ ಓರೆ. ಹೊರಗಿನಿಂದ ನೋಡಿದರೆ ಅದರಲ್ಲಿ ಆಕಾಶ, ಮೋಡ, ಪೈನ್ ಮರಗಳ ತುದಿ. ಒಳಗೆ ಯಾರೂ ಕಾಣುತ್ತಿರಲಿಲ್ಲ.

ಎಂಟು ಗಂಟೆ. ತಿರುವು. ಪೈನ್ ಮರಗಳ ನಡುವೆ ರೂಬೆನ್‌ನ ಹಸಿರು ಟ್ರಕ್ಕು.

ಅವಳು ವೇಗ ತಗ್ಗಿಸಿದಳು.

ಅವನು ಒಂದು ಬೆರಳು ಎತ್ತಿದ. ಕಣ್ಣು ಅವಳನ್ನು ದಾಟಿ ಹಿಂದಿನ ರಸ್ತೆಯ ಮೇಲಿತ್ತು, ಯಾರನ್ನೋ ಹುಡುಕುವವನಂತೆ. ಟ್ರಕ್ಕು ಹೋಯಿತು.

ಲೋರ್ನಾ ಕಾರನ್ನು ಬದಿಗೆ ನಿಲ್ಲಿಸಿದಳು. ಕಾರು ಕೂಗಿತು. "ಸುಮ್ನಿರೇ," ಎಂದಳು ಅದಕ್ಕೆ.

ಹಾಗಾದರೆ ಇಡೀ ಕೈ ಎಲ್ಲರಿಗೂ ಅಲ್ಲ. ನಾಲ್ಕು ವರ್ಷ ತಾನು ಕಂಡದ್ದು ನಿಜವಾಗಿಯೂ ಇತ್ತು. ಎದೆಯಲ್ಲಿ ಏನೋ ದೊಡ್ಡದು, ಅಲೆಯ ತುದಿಯ ಹಾಗೆ, ಎದ್ದು ನಿಂತಿತು. ಆಮೇಲೆ ಅದೇ ಅಲೆ ಇಳಿಯಿತು. ಇತ್ತು, ಆದರೆ ಕೆಂಪಿಗಿತ್ತೋ ಏನೋ.

*

ಗುರುವಾರ ನೀಲಿ ಕಾರು. ಅದಕ್ಕೆ ಕೂಗುವ ಚಾಳಿ ಇರಲಿಲ್ಲ. ಗಾಜು ನೆಟ್ಟಗೆ, ಅಗಲವಾಗಿ, ಕಿಟಕಿ ಪಕ್ಕ ಕೂತ ಹಾಗೆ. ಅದು ಅವಳನ್ನು ನಂಬಿ ಸುಮ್ಮನೆ ಓಡಿತು. ಅಷ್ಟು ನಂಬಿಕೆ ಅವಳಿಗೆ ಮುಜುಗರ ತಂದಿತು. ತಿರುವಿನ ದಾರಿ ಬಿಟ್ಟು ಬೇರೆ ದಾರಿ ಹಿಡಿದಳು. ನೆಟ್ಟನೆ ಗಾಜಿನ ಹಿಂದೆ ಅವಳ ಮುಖ ಕಂಡೂ ಅವನು ಒಂದೇ ಬೆರಳು ಎತ್ತಿದರೆ? ಅದನ್ನು ನೋಡುವ ಧೈರ್ಯ ಇರಲಿಲ್ಲ.

ಮೂರನೆಯ ಮನೆ ಗಿಡಿಯನ್ ಅಜ್ಜನದು. ಎಂಬತ್ತೆಂಟು ವರ್ಷ, ಮುಂಬಾಗಿಲಲ್ಲಿ ಕುರ್ಚಿ, ಮಡಿಲಲ್ಲಿ ಬಾಳೆಹಣ್ಣು ಹಿಸುಕಿ ಬೇಯಿಸಿದ ಪಿಲ್ಹಿಯ ತಟ್ಟೆ. ತೋಳಿಗೆ ಪಟ್ಟಿ ಸುತ್ತುವಾಗ ಅಜ್ಜ ಹೇಳಿದ:

"ನನ್ನ ಬಿಪಿ ಬಿಡು ಕೂಸೇ. ಮೊದಲು ಆ ರೂಬೆನ್‌ದು ನೋಡು."

"ಯಾಕಜ್ಜ?"

"ಹುಡುಗನಿಗೆ ತಲೆ ಕೆಟ್ಟಿದೆ. ಬೆಳಿಗ್ಗೆಯಿಂದ ಎದುರು ಬಂದ ಗಾಡಿಗೆಲ್ಲ ಇಡೀ ಕೈ ಎತ್ತಿ ಬೀಸ್ತಾನಂತೆ. ಪಾದ್ರಿಗೆ ಬೀಸಿದ. ಕಸದ ಗಾಡಿಗೆ ಬೀಸಿದ. ಟೂರಿಸ್ಟು ಬಸ್ಸಿಗೆ ಬೀಸಿದನಂತೆ, ಅವರೆಲ್ಲ ಎದ್ದು ನಿಂತು ವಾಪಸ್ ಬೀಸಿದ್ರಂತೆ!" ಅಜ್ಜ ನಗುತ್ತ ಕೆಮ್ಮಿದ. "ನಾಲ್ಕು ಜನ ಫೋನ್ ಮಾಡಿ ಹೇಳಿದ್ರು. ಎಷ್ಟು ಬಂತು ಬಿಪಿ?"

ಲೋರ್ನಾ ಯಂತ್ರವನ್ನೇ ನೋಡುತ್ತಿದ್ದಳು, ಅಂಕಿ ಕಾಣುತ್ತಿರಲಿಲ್ಲ.

ಎಲ್ಲರಿಗೂ. ಪಾದ್ರಿಗೂ, ಕಸದ ಗಾಡಿಗೂ. ಹಾಗಾದರೆ ಅದು ಬರಿಯ ಕೈ. ಮನಸ್ಸು ಬಂದಾಗ ಐದು ಬೆರಳು, ಇಲ್ಲದಾಗ ಒಂದು. ಅದನ್ನು ನಂಬಿಕೊಂಡು ತಾನು ನಾಲ್ಕು ವರ್ಷ ಬೆಳಗನ್ನು ಕಟ್ಟಿಕೊಂಡಿದ್ದಳು.

"ಚೆನ್ನಾಗಿದೆ ಅಜ್ಜ," ಎಂದಳು ಮತ್ತೊಮ್ಮೆ ನೋಡಿ. "ಪಿಲ್ಹಿಗೆ ಉಪ್ಪು ಕಡಿಮೆ ಹಾಕಿಸ್ಕೊಳ್ಳಿ."

ಮಧ್ಯಾಹ್ನ ಅವಳು ಕಾರನ್ನು ನೇರ ಗ್ಯಾರೇಜಿಗೆ ತಿರುಗಿಸಿದಳು. ಬಿಳಿಯದೇ ಸರಿ. ಅದರೊಳಗೆ ಕೂತರೆ ಯಾರಿಗೂ ಕಾಣಬೇಕಾಗಿಲ್ಲ, ಯಾರನ್ನೂ ಕಾಯಬೇಕಾಗಿಲ್ಲ. ಶುಕ್ರವಾರದವರೆಗೆ ಯಾಕೆ, ಈಗಲೇ ಹೇಳಿಬಿಡುತ್ತೇನೆ.

ಕ್ಯಾಸ್ಕೇಡ್ ರಸ್ತೆಯ ಇಳಿಜಾರಿನಲ್ಲಿ ಹಸುಗಳು ಅಡ್ಡ ನಿಂತಿದ್ದವು, ಏಳೆಂಟು, ಯಾವ ಅವಸರವೂ ಇಲ್ಲದೆ. ಇಲ್ಲಿ ರಸ್ತೆ ಮೊದಲು ಅವುಗಳದು. ಲೋರ್ನಾ ಎಂಜಿನ್ ಆರಿಸಿದಳು.

ಆಚೆ ಕಡೆ ಹಸಿರು ಟ್ರಕ್ಕು ಬಂದು ನಿಂತಿತು.

ಅವನ ಕೈ ಆಗಲೇ ಮೇಲೆದ್ದಿತ್ತು, ಐದೂ ಬೆರಳು ಬಿಡಿಸಿಕೊಂಡು, ಒಳಗೆ ಯಾರೆಂದು ನೋಡುವ ಮೊದಲೇ. ಆಮೇಲೆ ನೋಡಿದ. ಕೈ ಅಲ್ಲೇ ನಿಂತಿತು. ಇಳಿಸುವುದನ್ನೇ ಮರೆತ.

ಅವನು ಟ್ರಕ್ಕಿನಿಂದ ಇಳಿದು, ಹಸುಗಳ ಬೆನ್ನು ಸವರುತ್ತ, ನಡುವೆ ದಾರಿ ಮಾಡಿಕೊಂಡು ಬಂದ. ಹಡಗಿನ ಕೆಲಸದ ಊಟದ ಬಿಡುವು. ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಲೋರ್ನಾ ಗಾಜು ಇಳಿಸಿದಳು.

"ಸಿಕ್ಕಿದೆ," ಎಂದ, ಏದುಸಿರು ಬಿಡುತ್ತ. "ಅಬ್ಬಾ. ಸಿಕ್ಕಿದೆ ನೀನು."

"ನಾನೇನು ಕಳೆದುಹೋಗಿದ್ನಾ?"

"ನಿನ್ನೆ ಸಂಜೆ ಗ್ಯಾರೇಜಿಗೆ ಹೋದೆ. ಕೆಂಪಿಯ ನಾಲ್ಕೂ ಚಕ್ರ ಬಿಚ್ಚಿ ಇಟ್ಟಿದ್ರು. ಲೋರ್ನಾ ಯಾವ ಗಾಡೀಲಿ ಓಡಾಡ್ತಿದ್ದಾಳೆ ಅಂತ ಆಂಟೀನ ಕೇಳಿದೆ. ಗೊತ್ತಿಲ್ಲ ಅಂದ್ರು! ಮೇವಿಸ್ ಆಂಟಿಗೆ ಗೊತ್ತಿಲ್ಲದ್ದು ಅಂತ ನಾನು ಹುಟ್ಟಿದ ಮೇಲೆ ಇದೇ ಮೊದಲು ಕೇಳಿದ್ದು."

"ಅದಕ್ಕೆ?"

"ಅದಕ್ಕೇನು? ನೀನು ಯಾವುದರಲ್ಲಿದ್ದೀಯೋ ಗೊತ್ತಿಲ್ಲ. ನನಗೆ ಗೊತ್ತಾಗದೆ ನಿನಗೆ ಬರೀ ಬೆರಳು ಎತ್ತಿ ಹೋಗಿಬಿಟ್ರೆ? ತಪ್ಪಿಹೋಗಬಾರದು ಅಂತ ಎಲ್ಲರಿಗೂ ಎತ್ತಿದೆ." ಅವನ ಕಿವಿ ಕೆಂಪಾಯಿತು. "ತೋಳು ನೋಯ್ತಿದೆ."

ಲೋರ್ನಾ ತಲೆಯೆತ್ತಿದಳು. ಸುತ್ತ ಪೈನ್ ಮರಗಳು ಎಂದಿನಂತೆಯೇ ಆಕಾಶಕ್ಕೆ ನಿಂತಿದ್ದವು, ಆದರೆ ಇಷ್ಟು ಎತ್ತರ ಅವು ಯಾವಾಗ ಬೆಳೆದವು? ಇಡೀ ದ್ವೀಪದ ಪ್ರತಿ ಗಾಡಿಗೂ ಬೆಳಗಿನಿಂದ ಅವಳ ಪಾಲಿನದು ಹಂಚಿಹೋಗಿತ್ತು. ಪಾದ್ರಿಯ ಬಳಿ ಸ್ವಲ್ಪ, ಕಸದ ಗಾಡಿಯ ಬಳಿ ಸ್ವಲ್ಪ, ಬಸ್ಸಿನ ಅಪರಿಚಿತರ ಬಳಿ ಸ್ವಲ್ಪ. ಯಾರಿಗೂ ಗೊತ್ತಿಲ್ಲದೆ ಊರೆಲ್ಲ ಅವಳಿಗೆ ಸೇರಿದ್ದನ್ನು ಹೊತ್ತು ತಿರುಗುತ್ತಿತ್ತು.

"ನಾನು ಅಂದ್ಕೊಂಡಿದ್ದೆ," ಎಂದಳು, ಪ್ರತಿ ಪದವನ್ನೂ ನೋಡಿ ನೋಡಿ ಇಡುತ್ತ, "ಅದು ನಿನ್ನ ಅಮ್ಮನ ಕಾರಿಗೆ ಅಂತ. ಅವರ ನೆನಪಿಗೆ."

ರೂಬೆನ್ ಕಣ್ಣರಳಿಸಿ ನೋಡಿದ. ಆಮೇಲೆ ತಲೆ ಹಿಂದಕ್ಕೆ ಹಾಕಿ ನಕ್ಕ. ಹತ್ತಿರದ ಹಸು ಬೆಚ್ಚಿ ಎರಡು ಹೆಜ್ಜೆ ಸರಿಯಿತು.

"ಅಮ್ಮನಿಗಾ? ಅಮ್ಮ ಎದುರು ಬಂದ್ರೆ ನಾನು ತಲೆ ತಗ್ಗಿಸಿ ಹೋಗ್ತಿದ್ದೆ! ಜೋರಾಗಿ ಓಡಿಸ್ತೀಯ ಅಂತ ರಸ್ತೆ ಮಧ್ಯೆ ನಿಲ್ಲಿಸಿ ಬಯ್ಯೋಳು. ಆ ಕಾರಿಗೆ ನಾನು ಒಂದು ಬೆರಳೂ ಎತ್ತಿದವನಲ್ಲ. ನೀನು ಕೂತ ಮೇಲೇನೇ."

"ನಾಲ್ಕು ವರ್ಷ ಯಾಕೆ ಬಾಯಿಬಿಟ್ಟು ಹೇಳಲಿಲ್ಲ?"

"ನೀನು ಯಾವಾಗಲೂ ಒಂದೇ ಬೆರಳು ಎತ್ತುತ್ತಿದ್ದೆಯಲ್ಲ."

ಅವಳು ಕೈ ನೋಡಿಕೊಂಡಳು. ಹೌದು. ಒಂದೇ ಬೆರಳು, ಅದೂ ಅರ್ಧ. ಹೆಚ್ಚಾಗಿ ಕಂಡರೆ ಏನಂದುಕೊಳ್ಳುತ್ತಾನೋ ಎಂದು. ಅವನನ್ನು ಇಷ್ಟು ಸೂಕ್ಷ್ಮವಾಗಿ ನೋಡಿದವಳು, ತಾನು ಅವನಿಗೆ ಹೇಗೆ ಕಾಣುತ್ತೇನೆಂದು ಒಂದು ದಿನವೂ ಯೋಚಿಸಿರಲಿಲ್ಲ.

"ಆ ತಿರುವಿನ ಆಚೆ ಮನೆಯಿಂದ ಶುರು ಮಾಡಬೇಕಾಗಿಲ್ಲ ನಾನು," ಎಂದಳು. "ಯಾವತ್ತೂ ಬೇಕಾಗಿರಲಿಲ್ಲ. ನಿನ್ನ ನೋಡೋಕೇ ಆ ದಾರಿ ಹಿಡೀತಿದ್ದೆ. ಮಳೆ ಬಂದರೂ."

ಅವನ ನಗು ಹೋಗಿತ್ತು. ಇಳಿಸಿದ ಗಾಜಿನ ಅಂಚಿನ ಮೇಲೆ ಕೈ ಇಟ್ಟ. ಕ್ರೇನಿಗೆ ತಾಳು ಎನ್ನುವ ಆ ಕೈ. ಲೋರ್ನಾ ತನ್ನ ಕೈಯನ್ನು ಅದರ ಮೇಲಿಟ್ಟಳು. ತಣ್ಣಗಿತ್ತು, ಉಪ್ಪುಪ್ಪಾಗಿತ್ತು.

"ಒಳಗೆ ಬರಲಾ?"

"ಬಾ."

ಅವನು ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತ. ಹಸುಗಳು ರಸ್ತೆ ಬಿಟ್ಟಿದ್ದವು. ಯಾವಾಗ ಬಿಟ್ಟವೋ.

ಹಿಂದಿನಿಂದ ಒಂದು ಕಾರು ಕೂಗಿತು. ಕನ್ನಡಿಯಲ್ಲಿ ಬಿಳಿ ಎಸ್‌ಯುವಿ. ಅದರಿಂದ ಮೇವಿಸ್ ಆಂಟಿ ಇಳಿದು ಬಂದು, ಸೊಂಟದ ಮೇಲೆ ಕೈಯಿಟ್ಟು, ಕಿಟಕಿಯಲ್ಲಿ ಬಗ್ಗಿದರು.

"ರೂಬೆನ್, ನಿನ್ನ ಟ್ರಕ್ಕು ರಸ್ತೆ ಮಧ್ಯೆ ಇದೆ."

"ಕೀ ಅದರಲ್ಲೇ ಇದೆ ಆಂಟಿ."

"ಅಂದ್ರೆ ನಾನು ತೆಗೀಬೇಕು. ಸರಿ." ಅವರ ಕಣ್ಣು ಇಬ್ಬರ ಮೇಲೂ ನಿಧಾನವಾಗಿ ಹರಿಯಿತು, ಆಮೇಲೆ ಸೀಟಿನ ಮೇಲೆ. "ಅಯ್ಯೋ ಪಾಪಿ! ಹೊಸ ಸೀಟು! ಸಮುದ್ರಾನೇ ತಂದು ಸುರಿದಿದ್ದೀಯಲ್ಲೋ! ಇನ್ನು ಇದನ್ನ ಯಾವ ಟೂರಿಸ್ಟಿಗೆ ಕೊಡಲಿ?"

"ಯಾರಿಗೂ ಕೊಡಬೇಡಿ ಆಂಟಿ," ಎಂದಳು ಲೋರ್ನಾ. "ಇದು ನನ್ನದು."

"ನಾಳೆ ಹೇಳು ಅಂದಿದ್ದೆ. ಯೋಚನೆ ಮಾಡು. ನೀನು ಯೋಚನೆ ಮಾಡದೆ ಚಪ್ಪಲೀನೂ ತಗೊಂಡವಳಲ್ಲ."

"ಮಾಡಿ ಆಯ್ತು."

ಅವಳು ಎಂಜಿನ್ ಚಾಲೂ ಮಾಡಿದಳು. ಇಳಿಜಾರಿನ ಕೊನೆಯಲ್ಲಿ ಸಮುದ್ರ ನಿಂತಿತ್ತು, ಅಷ್ಟು ದೊಡ್ಡದು, ಅಷ್ಟು ಬೆಳಕು. ಪಕ್ಕದಲ್ಲಿ ರೂಬೆನ್‌ನ ಅಂಗಿಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಲೋರ್ನಾ ಒರೆಸಲು ಬಟ್ಟೆ ಹುಡುಕಲಿಲ್ಲ.