ಅವನು ತಂದ ಪ್ಲಾಸ್ಟಿಕ್ ಹಾಳೆ

“ಬಂಜೆ ಕೈಯಾಗೆ ನನ್ ಮಗಳಿಗೆ ಬಳೆ ತೊಡುಸ್ಬೇಡ ಕಣಮ್ಮ. ಅತ್ಲಾಗಿ ಓಗಿ ನಿಂತ್ಕೊ.”

ಬಾಗಲೂರಿನ ಛತ್ರದಲ್ಲಿ ಸೀಮಂತಕ್ಕೆ ಬಂದಿದ್ದವರೆಲ್ಲ ಒಮ್ಮೆಲೇ ತಿರುಗಿ ನೋಡಿದರು. ಹಸಿರು ಬಳೆ ಹಿಡಿದಿದ್ದ ಪದ್ಮಶ್ರೀಯ ಕೈ ಗಾಳಿಯಲ್ಲೇ ನಿಂತಿತು. ಆ ಮಾತು ಆಡಿದವಳು ಬೇರೆ ಯಾರೂ ಅಲ್ಲ, ಅವಳ ಗಂಡ ಗೋಪಿಯ ಸ್ವಂತ ಅಕ್ಕ, ನೀಲಕ್ಕ.

ಯಾರೋ ಸೆರಗಿನ ಮರೆಯಲ್ಲಿ ಕಿಸಕ್ಕೆಂದರು.

ಪದ್ಮಶ್ರೀ ಗಂಡನ ಕಡೆ ನೋಡಿದಳು. ‘ಒಂದು ಮಾತು ರೀ... ಒಂದೇ ಒಂದು ಮಾತು ಆಡಿ...’

ಗೋಪಿ ತಲೆ ತಗ್ಗಿಸಿದ.

ಮದುವೆಯಾಗಿ ಐದು ವರ್ಷ. ಆಸ್ಪತ್ರೆಯೆಂದರೆ ಅವಳು, ಸೂಜಿಯೆಂದರೆ ಅವಳು, ಹರಕೆ ಉಪವಾಸ ಎಂದರೂ ಅವಳೇ. ನಿನ್ನಲ್ಲಿ ಏನೂ ತೊಂದರೆಯಿಲ್ಲಮ್ಮ ಎಂದು ಹೇಳಿ ಹೇಳಿ ಡಾಕ್ಟರುಗಳೇ ಸುಸ್ತಾಗಿದ್ದರು. ಅವನಿಗೆ ಮಾತ್ರ ಒಂದು ಪರೀಕ್ಷೆಯೂ ಆಗಿರಲಿಲ್ಲ. ಯಾಕೆ ಆಗಬೇಕು? ಗಂಡಸಲ್ಲವೇ... ಮೀಸೆ ಇದೆಯಲ್ಲ, ಅಷ್ಟಿದ್ದರೆ ಸಾಕು ಈ ಜನಕ್ಕೆ.

ವಾಪಸ್ ಬರುವಾಗ ಬೈಕಿನ ಹಿಂದೆ ಕೂತು ಅವಳು ಹೇಳಿದಳು, “ನೀವು ಪರೀಕ್ಷೆ ಮಾಡಿಸ್ಕೊಳ್ಳಿ. ಆಗಲ್ಲ ಅಂದ್ರೆ ನನ್ನನ್ನ ಇಲ್ಲೇ ಇಳಿಸ್ಬಿಡಿ.”

ಅವನು ಬೈಕನ್ನು ಹೆಬ್ಬಾಳದ ಆಸ್ಪತ್ರೆಯ ಕಡೆಗೆ ತಿರುಗಿಸಿದ.

ಫಲಿತಾಂಶ ಬಂದ ದಿನ ಡಾಕ್ಟರ್ ರುಖ್ಸಾರ್ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

“ವೀರ್ಯಾಣುಗಳು ತುಂಬಾ ಕಮ್ಮಿ ಇವೆ ಗೋಪಿ. ಇರೋವೂ ಸರಿಯಾಗಿ ಚಲಿಸ್ತಿಲ್ಲ. ಸಿಗರೇಟು, ಕುಡಿತ ಏನಾದ್ರೂ?”

“ಏನೂ ಇಲ್ಲ ಮೇಡಂ.”

“ಕೆಲಸ?”

“ಚಿಕ್ಕಜಾಲದಲ್ಲಿ ತಟ್ಟೆ ಇಡ್ಲಿ ಹೋಟ್ಲು. ಬೆಳಗ್ಗಿಂದ ಒಲೆ ಮುಂದೇನೇ.”

“ಹಿಟ್ಟು ಬಟ್ಟೆ ಮೇಲೆ ಹುಯ್ತೀರೋ, ಪ್ಲಾಸ್ಟಿಕ್ ಮೇಲೋ?”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಇದೆಂಥ ಪ್ರಶ್ನೆ?

“ಪ್ಲಾಸ್ಟಿಕ್ ಹಾಳೆ ಮೇಲೆ... ನಾನ್ ದಿನಾ ತಿನ್ನೋದೂ ಅದನ್ನೇ.”

“ಪ್ಲಾಸ್ಟಿಕ್ ಕಾದ್ರೆ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಊಟಕ್ಕೆ ಸೇರ್ತವೆ. ಗಂಡಸರ ವೃಷಣದಲ್ಲಿ, ವೀರ್ಯದಲ್ಲೂ ಅಂಥ ಚೂರುಗಳು ಸಿಕ್ಕಿವೆ. ಇಲಿಗಳಲ್ಲಿ ಅದರಿಂದ ವೀರ್ಯಾಣು ಕಮ್ಮಿಯಾಗಿದ್ದು ಕಂಡಿದೆ. ಮನುಷ್ಯರಲ್ಲಿ ಇನ್ನೂ ಖಚಿತ ಆಗಿಲ್ಲ. ನಿಮಗೆ ಒಲೆ ಶಾಖದಿಂದ ಆಗಿರಬಹುದು, ಬೇರೆ ಕಾರಣಾನೂ ಇರಬಹುದು. ಸದ್ಯಕ್ಕೆ ಪ್ಲಾಸ್ಟಿಕ್ಕು, ಒಲೆ ಶಾಖ ಎರಡನ್ನೂ ಬಿಡಿ. ಹೊಸ ವೀರ್ಯಾಣು ತಯಾರಾಗೋಕೆ ಎರಡು ಮೂರು ತಿಂಗಳು ಬೇಕು. ಆಮೇಲೆ ಇನ್ನೊಂದ್ಸಲ ನೋಡೋಣ.”

ಹೊರಗೆ ಬಂದವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕೂತ.

“ಆ ಹಾಳೆ ತಂದಿದ್ದು ನಾನೇ ಅಲ್ವಾ ಪದ್ಮ...”

ಹೌದು, ಅವನೇ ತಂದಿದ್ದ.

ಮದುವೆಯಾದ ಹೊಸತು. ದಿನವೂ ಸೋಡಾ ಹಾಕಿದ ಬಿಸಿನೀರಿನಲ್ಲಿ ಇಡ್ಲಿ ಬಟ್ಟೆ ಒಗೆದು ಅವಳ ಅಂಗೈ ಬಿರಿದು ರಕ್ತ ಬರುತ್ತಿತ್ತು. ಅದನ್ನು ನೋಡಿದವನೇ ಯಶವಂತಪುರಕ್ಕೆ ಹೋಗಿ ಪ್ಲಾಸ್ಟಿಕ್ ಹಾಳೆಯ ಕಟ್ಟು ಹೊತ್ತು ತಂದಿದ್ದ. “ಇನ್ಮೇಲೆ ಒಗೆಯೋ ಕೆಲ್ಸ ಇಲ್ಲ,” ಎಂದು ಅವಳ ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿದ್ದ. ಹಿರಿಯರು ನೋಡಿ ಮದುವೆ ಮಾಡಿದ ಗಂಡನನ್ನು ಅವಳು ಪ್ರೀತಿಸತೊಡಗಿದ್ದು ಆ ಸಂಜೆಯಿಂದಲೇ.

ಆ ಪ್ರೀತಿಯೇ ಬೆಂದು ವಿಷವಾಯಿತೇ?

“ನೀನು ಚಿಕ್ಕಬಾಣಾವರಕ್ಕೆ ಹೋಗ್ಬಿಡು,” ಅಂದ ಅವನು, ನೆಲ ನೋಡುತ್ತ. “ಅಮ್ಮನ ಮನೆಗೆ. ನನ್ ಜೊತೆ ಇದ್ದು ಏನ್ ಮಾಡ್ತೀಯಾ...”

ಅವಳಿಗೆ ಸಿಡಿಲು ಬಡಿದಂತಾಯಿತು. ‘ನನ್ನನ್ನ ಬಂಜೆ ಅಂದಾಗ ಬಾಯಿ ಬರಲಿಲ್ಲ. ಹೋಗು ಅನ್ನೋಕೆ ಬಂತಾ?’

ಅವಳು ಹೊರಟೇಹೋದಳು. ಅವನು ತಡೆಯಲೂ ಇಲ್ಲ, ಆಮೇಲೆ ಫೋನೂ ಮಾಡಲಿಲ್ಲ.

ವಾರಗಳು ಕಳೆದವು. ತನ್ನ ಬಟ್ಟೆಬರೆ ತೆಗೆದುಕೊಂಡು ಹೋಗೋಣವೆಂದು ಒಂದು ಬೆಳಿಗ್ಗೆ ಪದ್ಮಶ್ರೀ ಚಿಕ್ಕಜಾಲಕ್ಕೆ ಬಂದಳು. ಹೋಟೆಲ್ ಮುಂದೆ ಎಂದಿನಂತೆ ಜನ. ಒಲೆಯ ಹತ್ತಿರ ಯಾರೋ ಹೊಸ ಅಡುಗೆಯವರಿದ್ದರು. ಗೋಪಿ ಎಲ್ಲಿ?

ಪಕ್ಕದ ನಲ್ಲಿಯ ಬಳಿ ಕೂತು ಇಡ್ಲಿ ಬಟ್ಟೆ ಒಗೆಯುತ್ತಿದ್ದ. ಅವನ ಅಂಗೈ ಬಿರಿದು ಕೆಂಪಾಗಿತ್ತು.

ಏರ್‌ಪೋರ್ಟ್ ಕ್ಯಾಬ್ ಓಡಿಸುವ ಮಣಿಕಂಠ, ಬಟ್ಟೆಗೆ ಅಂಟಿ ಹರಿದಿದ್ದ ಇಡ್ಲಿಯ ತಟ್ಟೆ ಹಿಡಿದು ರೇಗಿಸುತ್ತಿದ್ದ. “ಏನ್ ಗುರು, ಇಡ್ಲಿ ಅರ್ಧ ನಂಗೆ, ಅರ್ಧ ಬಟ್ಟೆಗಾ?”

ಅಷ್ಟರಲ್ಲಿ ಆಟೋದಿಂದ ನೀಲಕ್ಕ ಇಳಿದಳು. ಪದ್ಮಶ್ರೀ ಥಟ್ಟನೆ ಕಂಬದ ಹಿಂದೆ ಸರಿದಳು.

“ತೌರಿಗೆ ಓದ್ಲಂತಲ್ಲ ಮಾತಾಯಿ, ಒಳ್ಳೇದಾಯ್ತು ಬುಡು. ನಿಂಗೆ ಒಂದ್ ಎಣ್ಣು ನೋಡಿವ್ನಿ ಕಣೋ ಗೋಪಿ. ವರ್ಷದಾಗೆ ತೊಟ್ಲು ಕಟ್ಟಬೋದು.”

ಗೋಪಿ ಎದ್ದು ನಿಂತ. ‘ಈಗಲೂ ತಲೆ ತಗ್ಗಿಸ್ತಾನೆ...’ ಅಂದುಕೊಂಡಳು ಅವಳು.

“ಕೊರತೆ ಪದ್ಮಂದಲ್ಲ ಅಕ್ಕ. ನಂದು.”

“ಏನಂದೆ?”

“ನನ್ ವೀರ್ಯದಾಗೇ ಜೀವ ಕಮ್ಮಿ ಐತೆ. ಅವಳು ಚೆನ್ನಾಗವ್ಳೆ. ಅವತ್ತು ಛತ್ರದಾಗೆ ಅವಳ ಪರವಾಗಿ ಮಾತಾಡ್ಬೇಕಿತ್ತು, ನಾನು ಪರೀಕ್ಷೆಗೂ ಹೋಗ್ದೆ ಹೇಡಿ ಥರ ನಿಂತಿದ್ದೆ.” ಅವನು ತಿನ್ನುತ್ತಿದ್ದವರ ಕಡೆ ತಿರುಗಿದ. “ಪ್ಲಾಸ್ಟಿಕ್ ಮೇಲೆ ಬೇಯ್ಸಿದ್ದು ತಿಂದು ಇರ್ಬೋದು, ಶಾಖಕ್ಕೂ ಇರ್ಬೋದು, ಡಾಕ್ಟ್ರಿಗೂ ಖಚಿತ ಇಲ್ಲ. ನಿಮ್ಗೂ ಅದನ್ನೇ ತಿನ್ನಿಸ್ದೆ ಕಣ್ರಪ್ಪ. ತಪ್ಪಾಯ್ತು.”

ಮಣಿಕಂಠನ ಮುಖದ ನಗು ಹಾಗೇ ಇಂಗಿತು. “ನಂಗೆ ಹೋದ ತಿಂಗ್ಳು ಮದ್ವೆ ಆಯ್ತಲ್ಲೋ ಗೋಪಿ...” ಅವನು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟ.

“ಅವಳು ಯೇಳ್ಕೊಟ್ಟವ್ಳಾ ಇದನ್ನ?” ನೀಲಕ್ಕ ಗದರಿದಳು.

“ನಾನೇನೂ ಹೇಳ್ಕೊಟ್ಟಿಲ್ಲ ನೀಲಕ್ಕ.” ಪದ್ಮಶ್ರೀ ಮುಂದೆ ಬಂದಳು.

ಗೋಪಿ ಅವಳನ್ನೇ ನೋಡಿದ. “ನಿನ್ ಬಟ್ಟೆ ತಗೊಂಡ್ ಹೋಗೋಕ್ ಬಂದ್ಯಾ?”

“ಬಂದಿದ್ದು ಅದಕ್ಕೇ.” ಅವಳ ಕಣ್ಣು ತುಂಬಿತು. “ಯಾಕ್ರೀ ನನ್ನ ಕಳಿಸಿದ್ರಿ?”

“ನೀನಾದ್ರೂ ತಾಯಿ ಆಗ್ಲಿ ಅಂತ ಕಣೇ... ಬೇರೆಯವ್ರ ಜೊತೆ ಆದ್ರೂ...”

“ನಂಗೆ ಮಗು ಬೇಕು. ಇಲ್ಲ ಅನ್ನಲ್ಲ. ನಿಮ್ಮನ್ನ ಬಿಟ್ಟು ಬೇಡ. ಮುಂದಿನ ಪರೀಕ್ಷೆಗೆ ಇಬ್ರೂ ಹೋಗೋಣ.”

“ಆವಾಗ್ಲೂ ಆಗಲ್ಲ ಅಂದ್ರೆ?”

“ಆವಾಗ್ಲೂ ಇಬ್ರೇ ವಾಪಸ್ ಬರೋಣ.”

ಹಿಂದಿನಿಂದ ನೀಲಕ್ಕ ಕೂಗಿದಳು. “ಊರ್ ಮುಂದೆ ಇಂಗ್ ಯೇಳ್ಕೊಂಡ್ಯಲ್ಲೋ... ನೀನು ಗಂಡ್ಸೇನೋ?”

ಇಡೀ ಹೋಟೆಲ್ ಅವನ ಬಾಯನ್ನೇ ನೋಡುತ್ತ ನಿಂತಿತ್ತು.

ಗೋಪಿ ಹೆಂಡತಿಯ ಕೈ ಹಿಡಿದುಕೊಂಡ. ತಿರುಗಿಯೂ ನೋಡದೆ, ಮನೆಯ ಕಡೆಗೆ ನಡೆದುಬಿಟ್ಟ.