ಮೀಟರಿನಲ್ಲಿ ಮೂವತ್ತು ಕಿಲೋಮೀಟರ್ ಹೆಚ್ಚು

ಫೆಬ್ರವರಿ ಒಂಬತ್ತು, ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಉಡುಪಿಯ ಠಾಣೆಯ ಅಂಗಳಕ್ಕೆ ಒಂದು ಕಾರು ಹಗ್ಗ ಕಟ್ಟಿಸಿಕೊಂಡು ಬಂತು. ಅದರ ಹಿಂದೆ ಆಟೋದಲ್ಲಿ ಅದರ ಯಜಮಾನರು ಬಂದರು. ಇನ್‌ಸ್ಪೆಕ್ಟರ್ ಪರಮಾನಂದ ಆಗಷ್ಟೇ ಅವಲಕ್ಕಿಯ ತಟ್ಟೆಗೆ ಕೈ ಹಾಕಿದ್ದರು. ಬಾಗಲಕೋಟೆ ಕಡೆಯ ಮನುಷ್ಯ, ಕರಾವಳಿಗೆ ವರ್ಗವಾಗಿ ಬಂದು ಎಂಟು ತಿಂಗಳು. ಇಂಜಿನ್ನಿನ ವಿಷಯದಲ್ಲಿ ಅವರಿಗೆ ತಿಳಿದಿದ್ದುದು ಒಂದೇ ಸಂಗತಿ: ಜೀಪು ನಿಂತರೆ ಚಾಲಕನನ್ನು ಬೈಯಬೇಕು.

"ಕೊಲೆ ಆಗಿದೆ ಇನ್‌ಸ್ಪೆಕ್ಟ್ರೇ," ಎಂದರು ಬಂದವರು.

ಪರಮಾನಂದ ಎದ್ದೇಬಿಟ್ಟರು. "ಯಾರದ್ರಿ?"

"ನನ್ನ ಫಿಯೆಟ್ಟಿನದ್ದು. ಅರವತ್ನಾಲ್ಕರ ಗಾಡಿ."

ಪರಮಾನಂದ ಮತ್ತೆ ಕೂತರು. ಅವಲಕ್ಕಿ ಅಷ್ಟರಲ್ಲಿ ಮೆತ್ತಗಾಗಿತ್ತು.

ದೂರುದಾರರು ಬನ್ನಂಜೆಯ ಲಿಯೋನೆಲ್, ನಿವೃತ್ತ ಬ್ಯಾಂಕ್ ಅಧಿಕಾರಿ. ಕಾರ್ಕಳದ ರೊಸಾರಿಯೊ ಎಂಬ ಮೆಕ್ಯಾನಿಕ್ ನಾಲ್ಕು ತಿಂಗಳು ಕಾರನ್ನು ಇಟ್ಟುಕೊಂಡು ಇಂಜಿನ್ನನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿಕೊಟ್ಟಿದ್ದ. ಜನವರಿ ಇಪ್ಪತ್ತಾರಕ್ಕೆ ಕಾರು ಮನೆಗೆ ಬಂದಿತ್ತು. ಈ ದಿನ ಮಣಿಪಾಲದಲ್ಲಿ ಹಳೆಯ ಕಾರುಗಳ ಪ್ರದರ್ಶನ. ಹೊರಟರೆ ಏರಿನಲ್ಲಿ ಇಂಜಿನ್ ಕಟಕಟ ಸದ್ದು ಮಾಡಿ, ಹೊಗೆ ಕಾರಿ, ಬಿಗಿದು ನಿಂತುಬಿಟ್ಟಿತು. ಒಳಗಿನ ಅಸಲಿ ಬೇರಿಂಗುಗಳನ್ನು ಕದ್ದು ಡೂಪ್ಲಿಕೇಟ್ ಹಾಕಿದ್ದಾನೆ, ಅವನನ್ನು ಒಳಗೆ ಹಾಕಬೇಕು ಎಂಬುದು ಲಿಯೋನೆಲ್ಲರ ಹಟ.

"ಗ್ರಾಹಕರ ಕೋರ್ಟಿಗೆ ಹೋಗ್ರಿ. ಇಲ್ಲೇನು ಗ್ಯಾರೇಜ್ ಇಟ್ಟೀವೇನು?"

"ಕಳ್ಳತನಕ್ಕೆ ಗ್ರಾಹಕರ ಕೋರ್ಟಾ? ಎಂತ ಮಾತಾಡ್ತೀರಿ? ನಮ್ಮ ವಾಟ್ಸಾಪ್ ಗುಂಪಿಗೆ ಆಗಲೇ ಹಾಕಿ ಆಯ್ತು. ಎಲ್ಲರೂ ಅದನ್ನೇ ಹೇಳ್ತಿದ್ದಾರೆ."

ಮಧ್ಯಾಹ್ನ ಎರಡಕ್ಕೆ ಮೇಲಿನಿಂದ ಫೋನು ಬಂತು. ಎರಡೂವರೆಗೆ ನಂಬಿಕೆ ದ್ರೋಹ ಮತ್ತು ವಂಚನೆಯ ಎಫ್‌ಐಆರ್ ದಾಖಲಾಯಿತು. ಆರೋಪಿ ಒಬ್ಬನೇ: ರೊಸಾರಿಯೊ, ವಯಸ್ಸು ಅರವತ್ತೊಂದು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅಂಗಳದಲ್ಲೇ ಇಂಜಿನ್ ಬಿಚ್ಚಿ ಪಂಚನಾಮೆ. ನೋಟಿಸು ಸಿಕ್ಕಿದ ರೊಸಾರಿಯೊ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕಾರ್ಕಳದ ಮೊದಲ ಬಸ್ಸಿಗೇ ಬಂದಿದ್ದ. ಗೋಡೆಗೆ ಆತು ನಿಂತು ಒಂದೇ ಮಾತು ಹೇಳಿದ.

"ಮೂವತ್ತೆಂಟು ವರ್ಷದ ಕೆಲಸ ಸರ್. ನಿನ್ನೆ ಸಂಜೆಯ ಒಳಗೆ ಇಬ್ಬರು ಬಂದು ಅವರ ಗಾಡಿ ಎಳ್ಕೊಂಡು ಹೋದ್ರು. ತಪ್ಪು ನನ್ನದಾದ್ರೆ ನನ್ನದೇ ಅಂತ ಬರೀರಿ. ಅಲ್ಲದಿದ್ರೆ ಅಲ್ಲ ಅಂತಲೂ ಬರೀಬೇಕು."

ಪಂಚರಾಗಿ ಕರೆಸಿದ್ದು ವಿಷಯ ಗೊತ್ತಿರುವವರನ್ನೇ. ಅಲ್ಲೇ ಎಡವಟ್ಟಾದದ್ದು. ಒಬ್ಬ ಕ್ಲಾಯ್ಡ್, ಉಡುಪಿಯಲ್ಲಿ ಹಳೆಯ ಗ್ಯಾರೇಜಿನವ. ಇನ್ನೊಬ್ಬ ಲಕ್ಷಿತ್, ಮಣಿಪಾಲದ ಒಂದು ಶೋರೂಮಿನಲ್ಲಿ ಸರ್ವೀಸ್ ನೋಡಿಕೊಳ್ಳುವವ. ಪಂಚರ ಕೆಲಸ ಕಂಡದ್ದನ್ನು ಕಂಡೆ ಎಂದು ಸಹಿ ಹಾಕುವುದು. ಇವರು ರೋಗ ಹೇಳಲು ಶುರು ಮಾಡಿದರು. ಕೆಳಗಿನ ಎಣ್ಣೆಯ ತಟ್ಟೆ ಬಿಚ್ಚಿದಾಗ ಬೇರಿಂಗ್ ಕರಗಿ ಚಕ್ಕೆ ಚಕ್ಕೆಯಾಗಿದ್ದುದು ಎಲ್ಲರಿಗೂ ಕಂಡಿತು. ಯಾಕೆ ಕರಗಿತು ಎನ್ನುವಲ್ಲಿ ಯುದ್ಧ.

"ಆಯಿಲ್ ಪಂಪು ಸರಿ ಕೂರಿಸಲಿಲ್ಲ. ಹಾಗೆ ಬರ್ಕೊಳ್ಳಿ ಮೇಡಂ," ಎಂದ ಕ್ಲಾಯ್ಡ್.

"ನಾನು ಅದಕ್ಕೆ ಸಹಿ ಹಾಕುದಿಲ್ಲ," ಎಂದ ಲಕ್ಷಿತ್. "ಇದು ಓವರ್‌ಹೀಟ್. ಲ್ಯಾಪ್‌ಟಾಪ್ ಸಿಕ್ಕಿಸಿ ನೋಡದೆ ಏನೂ ಹೇಳ್ಲಿಕ್ಕಾಗುದಿಲ್ಲ."

"ಅರವತ್ನಾಲ್ಕರ ಗಾಡಿಗೆ ಲ್ಯಾಪ್‌ಟಾಪ್ ಎಲ್ಲಿಗೆ ಸಿಕ್ಕಿಸ್ತಿ ಮಾರಾಯ, ಸೈಲೆನ್ಸರಿಗಾ?"

ಮಹಿಳಾ ಕಾನ್ಸ್‌ಟೇಬಲ್ ಕಮಲ ಬರೆಯುವವಳು. ಮಲ್ಪೆಯ ಮೀನುಗಾರರ ಮನೆಯ ಹುಡುಗಿ. ಮೂರು ಸಲ ಬರೆದು ಮೂರು ಸಲ ಹೊಡೆದು ಹಾಕಿದಳು. ದಾರಿಯಲ್ಲಿ ಹೋಗುತ್ತಿದ್ದ ಆಟೋದವನೂ ಒಳಗೆ ಬಂದು ಬಗ್ಗಿ ನೋಡಿ, "ಟೈಮಿಂಗ್ ಚೈನು ಸಾರ್," ಎಂದು ಹೇಳಿ ಹೋದ. ಠಾಣೆಯ ಜೀಪಿನ ಚಾಲಕ ಅವನೊಡನೆ ಜಗಳಕ್ಕೆ ನಿಂತ. ಈ ಜಿಲ್ಲೆಯಲ್ಲಿ ಮೆಕ್ಯಾನಿಕ್ ಅಲ್ಲದ ಒಬ್ಬನೇ ಒಬ್ಬ ಗಂಡಸು ತಾನು ಎಂದು ಪರಮಾನಂದರಿಗೆ ಅನ್ನಿಸಿತು.

"ಸಾಕ್ ಮಾಡ್ರಿ!" ಎಂದು ಅರಚಿದರು. ಯಾರೂ ಸಾಕು ಮಾಡಲಿಲ್ಲ. ಗದ್ದಲ ತಪ್ಪಿಸಿಕೊಳ್ಳಲು ಹೋಗಿ ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡರು. ಮುಂದೆ ಇದ್ದ ಮುಳ್ಳು, ಗುಬುಟು ಯಾವುದೂ ತಿಳಿಯಲಿಲ್ಲ. ಓದಲು ಬಂದದ್ದು ಒಂದೇ, ಕಿಲೋಮೀಟರಿನ ಅಂಕಿ: 61,313.

ಗಾಜು ಇಳಿಸಿ ಕೇಳಿದರು. "ರೊಸಾರಿಯೊ, ಗಾಡಿ ಕೊಡುವಾಗ ಮೀಟರ್ ಎಷ್ಟಿತ್ತು?"

ರೊಸಾರಿಯೊ ಕಿಸೆಯಿಂದ ಮಡಚಿದ ಕಾರ್ಡು ತೆಗೆದ. 61,240.

"ಕಾರ್ಕಳದಿಂದ ಬನ್ನಂಜೆಗೆ?"

"ಮೂವತ್ತೆಂಟು, ಇವರ ಮನೆ ಗೇಟಿನವರೆಗೆ."

"ಲಿಯೋನೆಲ್ ಅವರೆ, ಆಮೇಲೆ ಎಲ್ಲಿಗೆ ಹೋಗಿತ್ತು?"

"ಎಲ್ಲಿಗೂ ಇಲ್ಲ. ಒಂದರಿಂದ ಆರನೇ ತಾರೀಕಿನವರೆಗೆ ನಾನೇ ಊರಲ್ಲಿಲ್ಲ, ಗೋವಾದಲ್ಲಿದ್ದೆ. ನಿನ್ನೆ ಏರಿನ ತನಕ ಹೋಗಿದ್ದು, ಇಲ್ಲಿಗೆ ಎಳ್ಕೊಂಡು ಬಂದದ್ದು ಎಲ್ಲ ಸೇರಿ ಐದು ಕಿಲೋಮೀಟರ್, ಅಷ್ಟೇ."

ಪರಮಾನಂದ ಬೆರಳಲ್ಲಿ ಲೆಕ್ಕ ಹಾಕಿದರು. "61,283 ಇರಬೇಕು. ಮೂವತ್ತು ಹೆಚ್ಚಿಗಿ ಐತಿ. ನೀವು ಗೋವಾದಾಗ ಇದ್ದಾಗ ಕಾರು ತಾನಾಗೇ ತಿರುಗಾಡಿ ಬಂತೇನ್ರಿ?"

ಲಿಯೋನೆಲ್ ಬಗ್ಗಿ ಮೀಟರ್ ನೋಡಿದರು. ಅಷ್ಟರಲ್ಲಿ, ಮಾದರಿಗೆಂದು ಇಂಜಿನ್ ಆಯಿಲನ್ನು ಬಾಟಲಿಗೆ ತುಂಬುತ್ತಿದ್ದ ಕಮಲ ಮೂಗು ಹತ್ತಿರ ತಂದಳು.

"ಸಾರ್, ಇದು ಆಯಿಲ್ ಅಲ್ಲ. ನೀರಿನ ಹಾಗೆ ಉಂಟು. ಚಿಮಿಣಿ ಎಣ್ಣೆ ವಾಸನೆ."

"ಅದೇನವ್ವ ಚಿಮಿಣಿ?"

"ಸೀಮೆಎಣ್ಣೆ ಸಾರ್. ನಮ್ಮ ಮನೆ ದೋಣಿಯ ವಾಸನೆ."

ಕ್ಲಾಯ್ಡ್ ಮೂಸಿದ, ಲಕ್ಷಿತ್ ಮೂಸಿದ, ರೊಸಾರಿಯೊ ಮೂಸಿದ. ಮೂವರಿಗೂ ನಾಚಿಕೆಯಾಯಿತು. ದಿನವಿಡೀ ಸೀಮೆಎಣ್ಣೆಯಲ್ಲೇ ಬಿಡಿಭಾಗ ತೊಳೆಯುವ ಮೂಗುಗಳಿಗೆ ಅದೊಂದು ವಾಸನೆಯೇ ಆಗಿರಲಿಲ್ಲ. ಟ್ಯಾಂಕಿನಿಂದ ಇಳಿಸಿದ ಪೆಟ್ರೋಲಿನಲ್ಲೂ ಅದೇ. ಪೆಟ್ರೋಲಿನ ಇಂಜಿನ್ನಿನಲ್ಲಿ ಪೂರ್ತಿ ಉರಿಯದ ಸೀಮೆಎಣ್ಣೆ ಕೆಳಗೆ ಜಾರಿ ಆಯಿಲನ್ನು ತೆಳು ಮಾಡಿದೆ, ತೆಳುವಾದ ಆಯಿಲು ಬೇರಿಂಗನ್ನು ಕಾಯಲಿಲ್ಲ ಎಂದು ರೊಸಾರಿಯೊ ವಿವರಿಸಿದ. ಈ ಸಲ ಯಾರೂ ಎದುರು ಹೇಳಲಿಲ್ಲ. ಹನ್ನೆರಡೂ ಮುಕ್ಕಾಲಿಗೆ ಪಂಚರಿಬ್ಬರೂ ಸಹಿ ಹಾಕಿದರು.

"ಕೀಲಿ ಎಲ್ಲಿರ್ತದ?"

"ಶೆಡ್ಡಿನ ಮೊಳೆಯಲ್ಲಿ," ಎಂದರು ಲಿಯೋನೆಲ್. "ಗಣಪನಿಗೆ ಬಾಗಿಲು ತೆಗೀಲಿಕ್ಕೆ ಬೇಕಲ್ವಾ?"

"ಗಣಪ ಯಾರು?"

"ಕಾರು ಒರೆಸುವವ. ಕಾಪುವಿನವ. ಮೊದಲು ದೋಣಿಯಲ್ಲಿದ್ದ. ಕಣ್ಣು ಮಂಜಾಗಿ ಬಿಟ್ಟ. ಪಾಪದವ, ನಿನ್ನೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದಾಗ ಅವನೇ ತಳ್ಳಿದ್ದು."

ಪರಮಾನಂದ ಹಣೆ ಹಿಡಿದುಕೊಂಡರು. "ಇದನ್ನ ನಿನ್ನೆ ಹೇಳಾಕ ಏನಾಗಿತ್ತು?"

"ನೀವು ಕೇಳ್ಲಿಲ್ಲ."

ಬನ್ನಂಜೆಯಿಂದ ಕಾಪುವಿಗೆ ಹದಿನೈದು ಕಿಲೋಮೀಟರ್, ಹೋಗಿ ಬಂದರೆ ಮೂವತ್ತು. ಕಮಲ ಕಾಪುವಿನ ಪೆಟ್ರೋಲ್ ಬಂಕಿಗೆ ಹೋಗಿ ಬಂದಳು. ನಾಲ್ಕನೇ ತಾರೀಕು ಮಂಗಳವಾರ ಬೆಳಿಗ್ಗೆ ಒಬ್ಬ ಕ್ಯಾನು ಹಿಡಿದುಕೊಂಡು ಬಂದಿದ್ದ, ಕ್ಯಾನಿಗೆ ಪೆಟ್ರೋಲು ಕೊಡಬಾರದೆಂದು ಪೊಲೀಸರದೇ ನೋಟಿಸು ಗೋಡೆಯಲ್ಲಿದೆ, ಹಾಗಾಗಿ ವಾಪಸು ಕಳಿಸಿದೆವು ಎಂದು ಬಂಕಿನವರು ಹೇಳಿಕೆ ಕೊಟ್ಟರು. ಕ್ಯಾಮೆರಾದಲ್ಲಿ ಗಣಪನ ಮುಖ ಸ್ಪಷ್ಟವಾಗಿತ್ತು. ನಮ್ಮದೇ ನೋಟಿಸು ನಮಗೇ ಕೇಸು ತಂತಲ್ಲ ಎಂದು ಪರಮಾನಂದ ಹಲ್ಲು ಕಡಿದರು.

ಮಂಗಳವಾರ, ಹನ್ನೊಂದನೇ ತಾರೀಕು, ಬೆಳಿಗ್ಗೆ ಹತ್ತೂವರೆಗೆ ಲಿಯೋನೆಲ್ ಮತ್ತು ರೊಸಾರಿಯೊರ ಎದುರಿಗೆ ಗಣಪನನ್ನು ಕರೆತಂದರು. ಯಾಕೆ ಒಯ್ದೆ ಎಂಬುದೊಂದನ್ನು ಬಿಟ್ಟು ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರ ಕೊಟ್ಟ. ಹೌದು, ಕಾರು ಒಯ್ದದ್ದು ತಾನೇ. ಹೌದು, ವಾಪಸು ಹೊರಡುವಾಗ ಕಾಪುವಿನಲ್ಲೇ ಪೆಟ್ರೋಲು ಮುಗಿಯಿತು.

"ಸೀಮೆಎಣ್ಣಿ ಯಾಕ ಹಾಕ್ದಿ?"

"ದೋಣಿಗೆ ಹಾಗೇ ಅಲ್ವಾ ಸಾರ್? ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡುದು, ಬಿಸಿ ಆದ ಮೇಲೆ ಚಿಮಿಣಿ ಎಣ್ಣೆಗೆ ತಿರುಗಿಸುದು. ಭಾವನ ದೋಣಿ ಶೆಡ್ಡಿನಲ್ಲಿ ಬಾಟ್ಲಿಯಲ್ಲಿ ಸ್ವಲ್ಪ ಪೆಟ್ರೋಲಿತ್ತು, ಅದನ್ನು ಕಾರ್ಬುರೇಟರಿಗೆ ಬಿಟ್ಟು ಸ್ಟಾರ್ಟ್ ಮಾಡಿದೆ. ಟ್ಯಾಂಕಿಗೆ ಚಿಮಿಣಿ ಎಣ್ಣೆ ಹಾಕಿದೆ. ಚಂದ ಓಡ್ತು."

ರೊಸಾರಿಯೊಗೆ ತಡೆಯಲಾಗಲಿಲ್ಲ. "ದೋಣಿಯ ಇಂಜಿನನ್ನು ಅದಕ್ಕೇ ಮಾಡಿದ್ದು ಮಾರಾಯ! ಇದು ಕಾರು!"

ಗಣಪ ಅವನ ಮುಖ ನೋಡಿದ. "ಅದರಿಂದ ಹಾಳಾದದ್ದಾ? ನಾನು ನಿಮ್ಮ ಕೆಲಸವೇ ಸರಿ ಇಲ್ಲ ಅಂತ ಎಣಿಸಿದ್ದೆ ರೊಸಾರಿಯೊರೇ. ದೇವರಾಣೆ."

ಮಧ್ಯಾಹ್ನ ಹನ್ನೆರಡಕ್ಕೆ, ಯಜಮಾನನ ವಾಹನವನ್ನು ಒಪ್ಪಿಗೆಯಿಲ್ಲದೆ ಒಯ್ದು ಹಾಳು ಮಾಡಿದ ಆರೋಪದಲ್ಲಿ ಗಣಪನ ಬಂಧನವಾಯಿತು. ರೊಸಾರಿಯೊನ ಕೆಲಸದಲ್ಲಿ ಯಾವ ದೋಷವೂ ಕಂಡುಬಂದಿಲ್ಲ ಎಂಬ ಸಾಲನ್ನು ಪರಮಾನಂದ ತಾವೇ ತನಿಖಾ ಡೈರಿಯಲ್ಲಿ ಬರೆದು, ಓದಿ ಹೇಳಿದರು. ಅಷ್ಟಕ್ಕೂ ರೊಸಾರಿಯೊ ಹೋಗಲಿಲ್ಲ. ಲಿಯೋನೆಲ್ ಅದನ್ನು ವಾಟ್ಸಾಪ್ ಗುಂಪಿಗೆ ಹಾಕುವವರೆಗೂ ಬೆಂಚಿನಲ್ಲೇ ಕೂತಿದ್ದ. ಲಿಯೋನೆಲ್ ಮೂರು ಸಲ ಕೆಮ್ಮಿ, ಕನ್ನಡಕ ಒರೆಸಿ, ಕೊನೆಗೆ ಹಾಕಿದರು.

ಬಂಧನದ ಕಾಗದಕ್ಕೆ ಮನೆಯವರ ಸಹಿ ಬೇಕಿತ್ತು. ಗಣಪನ ಹೆಂಡತಿ ಅಮ್ಮಣ್ಣಿ ಮೀನಿನ ಬುಟ್ಟಿಯನ್ನು ಗೇಟಿನ ಹೊರಗಿಟ್ಟು ಒಳಗೆ ಬಂದಳು. ಅವಳನ್ನು ಕಂಡದ್ದೇ ಗಣಪ ತಲೆ ತಗ್ಗಿಸಿದ.

"ಒಯ್ದದ್ದು ಯಾಕಂತ ಇನ್ನೂ ಹೇಳವಲ್ಲ," ಎಂದರು ಪರಮಾನಂದ.

ಗಣಪ ನೆಲ ನೋಡುತ್ತಲೇ ಹೇಳಿದ. "ಇವಳ ಹತ್ರ ನಾನು ಡ್ರೈವರ್ ಅಂತ ಹೇಳಿದ್ದೆ ಸಾರ್. ದೋಣಿ ಬಿಟ್ಟ ವರ್ಷವೇ. ಮೊನ್ನೆ ಇವಳು, ಒಂದು ದಿನ ಕಾರನ್ನು ನಮ್ಮ ಅಂಗಳಕ್ಕೆ ತನ್ನಿ, ನೋಡುವ ಅಂದಳು. ನಾನು ಒರೆಸುವವ ಅಂತ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ."

ಅಮ್ಮಣ್ಣಿ ಕಮಲಳ ಕೈಯಿಂದ ಪೆನ್ನು ತೆಗೆದುಕೊಂಡಳು.

"ಹನ್ನೊಂದು ವರ್ಷದಿಂದ ಆ ಒರೆಸುವ ಬಟ್ಟೆ ಒಗೆಯುವವಳು ಯಾರು ಸಾರ್? ನನಗೆ ಗೊತ್ತಿಲ್ವಾ?" ಅವಳಿಗೆ ಸಿಟ್ಟೋ ಅಳುವೋ ತಿಳಿಯುವಂತಿರಲಿಲ್ಲ. "ಇನ್ನಾದರೂ ನಿಜ ಹೇಳ್ಲಿ ಅಂತ ಕಾರು ತನ್ನಿ ಅಂದೆ. ಈ ಪುಣ್ಯಾತ್ಮ ಕಾರೇ ತಂದ್ರು."

ಪರಮಾನಂದರ ಬಾಯಿಗೆ ಬೈಗುಳ ಬಂದಿತ್ತು. ಗಂಡನನ್ನೋ ಹೆಂಡತಿಯನ್ನೋ ಯಾರನ್ನು ಬೈಯಬೇಕೆಂದು ಗೊತ್ತಾಗದೆ ನುಂಗಿಕೊಂಡರು. ಅಮ್ಮಣ್ಣಿ ಸಹಿ ಹಾಕಿ, ಹೊರಗೆ ಹೋಗಿ ಬುಟ್ಟಿಯ ಮೇಲಿನ ಒದ್ದೆ ಗೋಣಿ ಸರಿ ಮಾಡಿ, ಅದರ ಪಕ್ಕದಲ್ಲೇ ಕೂತಳು. ಜಾಮೀನು ಆಗುವವರೆಗೆ ಅವಳು ಅಲ್ಲಿಂದ ಏಳಲಿಲ್ಲ.