ಪೊಟ್ಟಣದ ಮೇಲಿನ ಹುಚ್ಚವ್ವ

ರುಕ್ಮವ್ವ ಮೇಜಿನ ಮೇಲೆ ಒಂದು ಖಾಲಿ ಪೊಟ್ಟಣ ಇಟ್ಟಳು. ಲಿಂಬೆ ಉಪ್ಪಿನಕಾಯಿಯದು. ಒಳಗೆ ಎಣ್ಣೆಯ ಜಿಡ್ಡು, ಹೊರಗೆ ಯಾರದೋ ಚಪ್ಪಲಿಯ ಗುರುತು.

"ಬಸ್‌ಸ್ಟ್ಯಾಂಡಿನ್ಯಾಗ ಬಿದ್ದಿತ್ರಿ," ಅಂದಳು. "ಇಕಿ ನಮ್ಮವ್ವ."

ಪೊಟ್ಟಣದ ಮೇಲೆ ಒಬ್ಬ ಮುದುಕಿಯ ಮುಖ. ತಲೆಯ ಮೇಲೆ ಸೆರಗು, ಹಣೆ ತುಂಬ ವಿಭೂತಿ, ನೆಟ್ಟಗೆ ನಮ್ಮನ್ನೇ ನೋಡುವ ಎರಡು ಕಣ್ಣು. ಕೆಳಗೆ ಕೆಂಪು ಅಕ್ಷರದಲ್ಲಿ ಉಪ್ಪಿನಕಾಯಿಯ ಹೆಸರು.

"ನಿಮ್ಮವ್ವ ಎಲ್ಲಿ ಅದಾರ?" ವಿದ್ಯಾವತಿ ಮೇಡಂ ಕೇಳಿದರು.

"ಹೋಗಿ ಮೂರು ವರ್ಷ ಆತ್ರಿ. ಹುಚ್ಚವ್ವ ಅಂತ ಹೆಸರು. ದೇವಣಗಾಂವದಾಕಿ. ಮಂದಿ ತಿಂದು ಒಗೀತಾರ, ಆಮ್ಯಾಲೆ ತುಳೀತಾರ. ಇದನ್ನ ನಿಂದರಸ್ರಿ ವಕೀಲರ. ನನಗ ಬ್ಯಾರೆ ಏನೂ ಬ್ಯಾಡ."

ನಾನು ಗುರಪ್ಪ. ಇಂಡಿ ಪಟ್ಟಣದಲ್ಲಿ ವಕೀಲೆ ವಿದ್ಯಾವತಿಯವರ ಗುಮಾಸ್ತ. ಇಪ್ಪತ್ತೆಂಟು ವರ್ಷದಿಂದ ಮಂದಿಯ ಜಗಳ ಟೈಪು ಮಾಡಿ ಮಾಡಿ ನನಗೆ ಯಾವುದೂ ಹೊಸದೆನಿಸುವುದಿಲ್ಲ. ಹೆತ್ತತಾಯಿಯ ಮುಖ ಚಪ್ಪಲಿಯ ಕೆಳಗೆ ಬಿದ್ದಿದೆ ಎಂದು ಯಾರಾದರೂ ಹೇಳಿದರೂ ನಾನು ಮೊದಲು ಪೆನ್ನು ಹುಡುಕುತ್ತೇನೆ. ಅಂದೂ ಅದನ್ನೇ ಮಾಡಿದೆ.

ರುಕ್ಮವ್ವನ ಪಕ್ಕದಲ್ಲಿ ಶ್ರೀವಾಣಿ ಕೂತಿದ್ದಳು. ಊರಿನ ಫೋಟೋ ಸ್ಟುಡಿಯೋ ಇವಳದೇ. ತಂದೆ ಪಂಢರಿನಾಥರು ಕಟ್ಟಿದ್ದು, ಅವರ ನಂತರ ಮಗಳು ನಡೆಸುತ್ತಿದ್ದಾಳೆ. ತಾಯಿ ಗೋದೂಬಾಯಿ ತೀರಿಕೊಂಡು ಎಂಟು ತಿಂಗಳು. ಅಂದಿನಿಂದ ಇವಳು ಅತ್ತದ್ದನ್ನು ಯಾರೂ ನೋಡಿಲ್ಲ, ನಕ್ಕದ್ದನ್ನೂ ನೋಡಿಲ್ಲ.

"ಫೋಟೋ ನಿಮ್ಮದೇನ್ರಿ?"

"ಹೌದ್ರಿ."

"ಯಾರಿಗರ ಕೊಟ್ಟಿದ್ರೇನು?"

"ಇವರ ಮನಿಗೆ ಒಂದು ದೊಡ್ಡ ಪ್ರತಿ ಕಟ್ಟು ಹಾಕಿಸಿ ಕೊಟ್ಟೇನಿ. ಅಷ್ಟೇ."

ಮನಗೂಳಿಯ ಕಡೆಯ ಆ ಉಪ್ಪಿನಕಾಯಿ ಕಂಪನಿಗೆ ಮೇಡಂ ನೋಟೀಸು ಕಳಿಸಿದರು. ಉತ್ತರ ಬಂತು — ನಾವು ಫೋಟೋ ತೆಗೆದವರಿಂದಲೇ ಹಕ್ಕು ಪಡೆದಿದ್ದೇವೆ, ನಿಮ್ಮದೆನ್ನುವುದಕ್ಕೆ ಕಾಗದ ಇದ್ದರೆ ತೋರಿಸಿ.

"ಫೋಟೋ ತೆಗೆದ ಗಳಿಗೀಲೆ ಹಕ್ಕು ನಿಮ್ಮದಾಗೇತಿ," ಮೇಡಂ ಶ್ರೀವಾಣಿಗೆ ಹೇಳಿದರು. "ನೋಂದಣಿ ಮಾಡಿಸಿದ್ರ ಅದಕ್ಕೊಂದು ಸಾಕ್ಷಿ ಇದ್ದಂಗ. ಮಾಡಸೋಣ."

ದಿಲ್ಲಿಯ ಕಾಪಿರೈಟ್ ಕಚೇರಿಗೆ ಅರ್ಜಿ ಹೋಯಿತು. ಕರ್ತೃವಿನ ಹೆಸರು, ಫೋಟೋದ ಪ್ರತಿ, ಸಹಿ ಎಲ್ಲ ತುಂಬಿದವನು ನಾನೇ. ಆಕ್ಷೇಪಣೆಗೆ ಮೂವತ್ತು ದಿನ. ನಿಯಮದಂತೆ ಅರ್ಜಿಯ ಸುದ್ದಿಯನ್ನು ಕಂಪನಿಗೂ ತಿಳಿಸಿದೆವು.

ಇಪ್ಪತ್ತಾರನೇ ದಿನ ಆಕ್ಷೇಪಣೆ ಬಂತು.

ಬರೆದವನು ಸಿಂದಗಿಯ ಅಮಿತ. ಅಲ್ಲಿ ಫೋಟೋ ಮುದ್ರಿಸುವ ಲ್ಯಾಬು ಇಟ್ಟವನು; ಸುತ್ತಲಿನ ಸ್ಟುಡಿಯೋಗಳ ದೊಡ್ಡ ಪ್ರತಿಗಳೆಲ್ಲ ಆಗುವುದು ಅಲ್ಲೇ. ಸದರಿ ಫೋಟೋ ನಾನು ತೆಗೆದದ್ದು, ಕಂಪನಿಗೆ ಕೊಟ್ಟವನೂ ನಾನೇ, ಶ್ರೀವಾಣಿ ಎಂಬಾಕೆ ನನ್ನ ಲ್ಯಾಬಿನಿಂದ ಕದ್ದಿದ್ದಾಳೆ!

ಮೇಡಂ ಶ್ರೀವಾಣಿಯನ್ನು ಕರೆಸಿದರು. ಅವಳು ಕಾಗದ ಓದಿದಳು, ಮಡಚಿದಳು, ಮೇಜಿನ ಮೇಲೆ ಇಟ್ಟಳು.

"ಅರ್ಜಿ ಹಿಂದ ತಗೋರಿ."

"ಏನಂದ್ರಿ?"

"ಹಿಂದ ತಗೋರಿ. ನನಗ ಬ್ಯಾಡ."

"ಹಂಗಾರ ಇಂವ ಹೇಳೂದು ಖರೇನು?"

"ಅಲ್ಲರಿ."

"ನಿಮ್ಮ ಕ್ಯಾಮೆರಾದ ಮೂಲ ಫೈಲ್ ತೋರಸ್ರಿ. ಒಂದೇ ಏಟಿಗೆ ಮುಗೀತೈತಿ."

"ಇಲ್ಲರಿ ಅದು."

"ಯಾರರ ಒಯ್ದಾರೇನು? ಸ್ಟುಡಿಯೋದ ಕೀಲಿ ಯಾರ್ಯಾರ ಹಂತ್ಯಾಕ ಇತ್ತು?"

"ನನ್ನ ಹಂತ್ಯಾಕ. ಆಗ ಕೆಲಸಕ್ಕಿದ್ದ ಅನಿಲನ ಹಂತ್ಯಾಕ." ಅವಳು ಎದ್ದಳು. "ರುಕ್ಮವ್ವಗ ಇದೇನೂ ಹೇಳಬ್ಯಾಡ್ರಿ. ಕೈ ಮುಗೀತೇನಿ."

ಕೈ ಮುಗಿಯಲೂ ಇಲ್ಲ. ಹಾಗೇ ಹೋದಳು.

"ಮೇಡಂ, ಕದ್ದಾಕಿ ಈಕೀನೇ," ಅಂದೆ. "ತನ್ನದಾಗಿದ್ರ ಯಾರರ ಹಿಂಗ ಬಿಟ್ಟುಕೊಡ್ತಾರೇನು?"

"ಕದ್ದಾಕಿ ಆಗಿದ್ರ ಮೊದಲ ಅರ್ಜಿ ಯಾಕ ಹಾಕ್ತಿದ್ಲು, ಗುರಪ್ಪಣ್ಣಾ?" ಮೇಡಂ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. "ಯಾವುದಕ್ಕೋ ಅಂಜ್ಯಾಳ. ಅಮಿತಗಂತೂ ಅಲ್ಲ."

ಅನಿಲ ಈಗ ಮುದ್ದೇಬಿಹಾಳದಲ್ಲಿ ಸ್ವಂತ ಸ್ಟುಡಿಯೋ ಮಾಡಿಕೊಂಡಿದ್ದಾನೆ. ಶ್ರೀವಾಣಿಯ ಜತೆ ಜಗಳಾಡಿ ಬಿಟ್ಟವನು. ಮೂಲ ಫೈಲ್ ಇದ್ದ ಕ್ಯಾಮೆರಾದ ಕಾರ್ಡು ಇವನೇ ಎತ್ತಿ ಅಮಿತನಿಗೆ ಕೊಟ್ಟಿರಬಹುದೇ? ಫೋನು ಮಾಡಿದೆವು.

"ನಾ ಯಾಕ್ರಿ ಒಯ್ಯಲಿ?" ಅವನು ಸಿಡುಕಿದ. "ಅಂಥಾ ಫೋಟೋದ ಕಾರ್ಡು ಅಲ್ಲಿ ಇರೂದೇ ಇಲ್ಲ. ಅಕ್ಕಾರು ಅವತ್ತೇ ಅಳಿಸಿಬಿಡ್ತಾರ."

"ಅಂಥಾ ಅಂದ್ರ? ಎಂಥಾ ಫೋಟೋ?"

ಅವನು ದನಿ ತಗ್ಗಿಸಿದ.

"ಜಗಳ ಆಗೇತಿ ಖರೆ. ಆದ್ರ ಆ ಮನಿ ಅನ್ನ ಉಂಡೇನ್ರಿ. ಅವರನ್ನೇ ಕೇಳ್ರಿ." ಫೋನು ಇಟ್ಟ.

ಮರುದಿನ ಸಿಂದಗಿಗೆ ಹೋದೆವು. ಅಮಿತ ಚಹಾ ತರಿಸಿದ. ಮಾತಿನಲ್ಲಿ ಜೇನು.

"ಯಾವಾಗ ತೆಗೆದ್ರಿ?"

"ಇಪ್ಪತ್ತೊಂದರ ಫೆಬ್ರುವರಿ. ದೇವಣಗಾಂವದ ಹೊಲದಾಗ. ಮುದುಕಿ ಲಿಂಬಿ ಹರಿಯಾಕತ್ತಿದ್ಲು."

"ಹೊತ್ತು?"

"ಸಂಜಿ ಐದು. ಬಿಸಿಲು ಎಡಗಡಿಂದ ಬೀಳಾಕತ್ತಿತ್ತು. ಫೋಟೋ ನೋಡ್ರಿ, ಎಡಗಡೆ ಗಲ್ಲ ಹೊಳೀತೈತಿ."

"ಲೈಟ್ ಏನರ ಹಚ್ಚಿದ್ರೇನು?"

ಅಮಿತ ನಕ್ಕ. "ಹೊಲದಾಗ ಎಲ್ಲೀ ಲೈಟ್ರಿ ಮೇಡಂ? ಸೂರ್ಯ ಒಬ್ಬನೇ."

"ಆಕಿ ನಿಮ್ಮನ್ನ ನೋಡಿದ್ಲು?"

"ಆಯೀ, ಇತ್ತಾಗ ನೋಡು ಅಂದೆ. ಎರಡೂ ಕಣ್ಣು ಅಗಲಿಸಿ ನೋಡಿದ್ಲು. ಆ ನೋಟದಿಂದಾನೇ ಫೋಟೋಕ್ಕ ಜೀವ ಬಂದೈತಿ."

"ಮೂಲ ಫೈಲ್?"

"ಕ್ಯಾಮೆರಾ ಕೆಟ್ಟಿತು, ಕಾರ್ಡೂ ಹೋತು. ಶ್ರೀವಾಣಿಯವರ ಹಂತ್ಯಾಕರ ಐತೇನ್ರಿ?"

ಇದ್ದಿದ್ದರೆ ನಾವೇ ತರುತ್ತಿದ್ದೆವೆಂದು ಅವನು ಲೆಕ್ಕ ಹಾಕಿದಂತಿತ್ತು. ತಾರೀಖು ಹಿಡಿದು ಅವನನ್ನು ಕೆಡವುವಂತೆಯೂ ಇರಲಿಲ್ಲ, ಇಪ್ಪತ್ತೊಂದರಲ್ಲಿ ಹುಚ್ಚವ್ವ ಬದುಕಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅಮಿತನನ್ನೇ ನಂಬಿದ್ದೆ. ಸುಳ್ಳುಗಾರ ಎಲ್ಲಾದರೂ ತಡವರಿಸುತ್ತಾನೆ, ಇವನು ಒಮ್ಮೆಯೂ ತಡವರಿಸಲಿಲ್ಲ. ಮೇಡಂ ಮಾತ್ರ ಇಂಡಿಯವರೆಗೂ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು.

ಬಸ್ಸಿಳಿದವರೇ ಶ್ರೀವಾಣಿ ಕೂತಿದ್ದ ಸ್ಟುಡಿಯೋಕ್ಕೆ ನಡೆದರು. ಹೆಬ್ಬೆಟ್ಟಿನ ಗುರುತು ನೋಡಲು ಚೀಲದಲ್ಲಿ ಇಟ್ಟುಕೊಂಡಿದ್ದ ಭೂತಗನ್ನಡಿ ತೆಗೆದು, ಹುಚ್ಚವ್ವನ ಫೋಟೋದ ದೊಡ್ಡ ಪ್ರತಿಯ ಮೇಲೆ ಹಿಡಿದರು.

"ಗುರಪ್ಪಣ್ಣಾ, ಕಣ್ಣಿನ ಕರೀ ಗುಡ್ಡಿ ಮ್ಯಾಲೆ ಏನೈತಿ?"

"ಬಿಳಿ ಚುಕ್ಕಿ. ಬೆಳಕಿಂದು."

"ಯಾವ ಕಡೆ?"

"ಬಲಕ್ಕ."

"ಆಕಾರ?"

ಕಣ್ಣು ಕಿರಿದು ಮಾಡಿ ನೋಡಿದೆ. "ಚೌಕ ಐತ್ರಿ."

ಮೇಡಂ ಮೆಲ್ಲಗೆ ಗೋಡೆಯತ್ತ ತಿರುಗಿದರು. ಅಲ್ಲಿ ಗೋದೂಬಾಯಿಯವರ ಫೋಟೋ, ಮೇಲೆ ಗಂಧದ ಹಾರ. ಸ್ಟೂಲಿನ ಮೇಲೆ ಹತ್ತಿ ಅದರ ಮೇಲೂ ಭೂತಗನ್ನಡಿ ಹಿಡಿದರು. "ಇಲ್ಲೂ ಚೌಕ, ಇಲ್ಲೂ ಬಲಕ್ಕ," ಅಂದರು. ಇಳಿದರು. ಮೂಲೆಯಲ್ಲಿದ್ದ ಸ್ಟುಡಿಯೋದ ದೀಪವನ್ನು ನೋಡಿದರು. ಬಿಳಿ ಬಟ್ಟೆ ಹೊದಿಸಿದ ಚೌಕ ಪೆಟ್ಟಿಗೆಯಂಥ ದೀಪ ಅದು.

"ಬಾಗಿಲಾ ಹಾಕ್ರಿ, ಗುರಪ್ಪಣ್ಣಾ."

ಹಾಕಿದೆ.

"ಹುಚ್ಚವ್ವನ ಮುಖದಾಗ ನಿಮ್ಮ ತಾಯಿ ಕಣ್ಣು ಯಾಕ ಅದಾವ, ಶ್ರೀವಾಣಿ?"

ಶ್ರೀವಾಣಿ ಸ್ಟೂಲನ್ನು ಮೂಲೆಗೆ ಸರಿಸಿ ಕೂತಳು. ಆಮೇಲೆ ಯಾರದೋ ಸುದ್ದಿ ಹೇಳುವವಳಂತೆ ಹೇಳತೊಡಗಿದಳು.

"ಹಳ್ಳಿ ಮನಿಯಾಗ ಎಷ್ಟೋ ಮುದುಕೇರು ಜನ್ಮದಾಗ ಒಂದು ಫೋಟೋ ತೆಗೆಸಿರೂದಿಲ್ಲರಿ. ಹೋದ ಮ್ಯಾಲೆ ಮನಿಯವರಿಗೆ ನೆನಪಾಗ್ತೈತಿ. ವಿಭೂತಿ ಹಚ್ಚಿ, ಸೆರಗು ಹೊದಿಸಿ, ಗ್ವಾಡಿಗೆ ಆನಿಸಿ ಕುಂದರಿಸಿರ್ತಾರ. ಎತ್ತೂದಕ್ಕೂ ಮೊದಲ ನಮಗ ಹೇಳಿ ಕಳಸ್ತಾರ. ಹೋಗಿ ತೆಗೀತೇವಿ. ಕಣ್ಣು ಮುಚ್ಚಿರ್ತಾವು. ಮನಿಗೆ ಬಂದು ತೆರೆಸ್ತೇವಿ."

"ಹೆಂಗ?"

"ಬ್ಯಾರೆಯವರ ಕಣ್ಣು ಕೂಡಿಸಿ. ಮನಿಯವರಿಗೆ ಕಂಪ್ಯೂಟರ್ ತೆರೆಸ್ತೈತಿ ಅಂತ ಹೇಳ್ತೇವಿ. ಬ್ಯಾರೆ ಗಿರಾಕಿ ಕಣ್ಣು ತಗೋಬಾರದು, ನಮ್ಮ ಮನಿಯವರದ್ದೇ ಕೊಡಬೇಕು, ಮುಚ್ಚಿದ ಕಣ್ಣಿನ ಫೋಟೋ ಅವತ್ತೇ ಅಳಿಸಬೇಕು, ರೊಕ್ಕ ಇಸಕೋಬಾರದು. ಇದು ನಮ್ಮಪ್ಪನ ನೇಮ. ಗಂಡಸರಿಗೆ ಅಪ್ಪನ ಕಣ್ಣು, ಹೆಂಗಸರಿಗೆ ಅವ್ವನ ಕಣ್ಣು."

"ಅದನ್ನೇ ವಿಚಾರಣೆಯಾಗ ಹೇಳಿದ್ರ ಅಮಿತ ಮಕ್ಕಡೆ ಬೀಳ್ತಾನ."

"ಕಣ್ಣು ಯಾರವು ಅಂತ ಕೇಳ್ತಾರ. ಬರಕೋತಾರ. ರುಕ್ಮವ್ವಗ ತಿಳೀತೈತಿ. ಆಕಿ ದಿನಾ ಮುಂಜಾನೆ ಆ ಫೋಟೋದ ಮುಂದ ನಿಂತು ಮಾತಾಡ್ತಾಳ್ರಿ. ಅವು ಅವರವ್ವನ ಕಣ್ಣಲ್ಲ ಅಂತ ನಾ ಹೆಂಗ ಹೇಳಲಿ?"

ಪೊಟ್ಟಣ ನಿಲ್ಲಬೇಕಾದರೆ ಗುಟ್ಟು ಬಿಟ್ಟುಕೊಡಬೇಕು. ಗುಟ್ಟು ಉಳಿಯಬೇಕಾದರೆ ಹುಚ್ಚವ್ವ ಬಸ್‌ಸ್ಟ್ಯಾಂಡಿನಲ್ಲಿ ತುಳಿಸಿಕೊಳ್ಳುತ್ತಿರಬೇಕು. ಅಂದು ನನಗೆ ಪೆನ್ನು ಹುಡುಕುವ ಮನಸ್ಸಾಗಲಿಲ್ಲ. ಇವಳನ್ನು ಕಳ್ಳಿ ಅಂದಿದ್ದೆನಲ್ಲ ಎಂದು ನಾಚಿಕೆಯಾಯಿತು.

"ರುಕ್ಮವ್ವನ ಕಿವೀಗೆ ಹಾಕೂದಿಲ್ಲ," ಮೇಡಂ ಮಾತು ಕೊಟ್ಟರು. "ಅಮಿತನ್ನ ಇಲ್ಲೇ ಕರೆಸಿ ಮುಗಸ್ತೇನಿ."

ಸೋಮವಾರ ಅಮಿತ ನಮ್ಮ ಕಚೇರಿಗೆ ಬಂದ. ರಾಜಿಗೆ ಕರೆದಿದ್ದಾರೆಂದು ಅವನ ಎಣಿಕೆ. ಶ್ರೀವಾಣಿ ಅವನ ಎದುರು ಕೂತಳು. ಮೇಡಂ ಇನ್ನೇನು ಬಾಯಿ ತೆರೆಯಬೇಕು, ಬಾಗಿಲಲ್ಲಿ ರುಕ್ಮವ್ವ! ಇನ್ನೂ ಹತ್ತು ಪೊಟ್ಟಣ ಆರಿಸಿ ತಂದಿದ್ದಳು. ಉಡಿಯಿಂದ ತೆಗೆದು ಒಂದೊಂದನ್ನೇ ಸೆರಗಿನಿಂದ ಒರೆಸಿ ಮೇಜಿನ ಮೇಲೆ ಇಟ್ಟಳು.

ಹೊರಗೆ ಹೋಗು ಎಂದು ಹೇಗೆ ಹೇಳುವುದು? ಮೇಡಂ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಇಂವ ಯಾರ್ರಿ?" ರುಕ್ಮವ್ವ ಕೇಳಿದಳು.

"ನಿಮ್ಮವ್ವನ ಫೋಟೋ ತೆಗೆದಾಂವ ನಾನೇ," ಅಮಿತ ತಾನಾಗಿಯೇ ಹೇಳಿದ. "ಹೊಲದಾಗ ಲಿಂಬಿ ಹರಿಯಾಕತ್ತಿದ್ಲು. ಆಯೀ ಅಂದೆ. ಎರಡೂ ಕಣ್ಣು ಅಗಲಿಸಿ—"

"ಎಷ್ಟು ಕಣ್ಣು?"

"ಎರಡೂ."

"ಸುಳ್ಳ."

ರುಕ್ಮವ್ವ ಒಂದು ಪೊಟ್ಟಣ ಎತ್ತಿ ಅವನ ಮುಂದೆ ಹಿಡಿದಳು.

"ನಮ್ಮವ್ವ ಸಣ್ಣಾಕಿದ್ದಾಗ ಜ್ವಾಳದ ದಂಟು ಚುಚ್ಚಿ ಎಡಗಣ್ಣು ಹೋಗಿತ್ತು," ರುಕ್ಮವ್ವ ಅಂದಳು. "ರೆಪ್ಪಿ ಕೂಡೇ ಬಿಟ್ಟಿತ್ತು. ಸಾಯೂತನಾ ಒಂದೇ ಕಣ್ಣೀಲೆ ನೋಡಿದಾಕಿ. ನಿನ್ನ ಎರಡು ಕಣ್ಣೀಲೆ ಹೆಂಗ ನೋಡಿದ್ಲೋ?"

ಶ್ರೀವಾಣಿ ತಲೆ ಎತ್ತಿದಳು. ಅವಳಿಗೂ ಇದು ಗೊತ್ತಿರಲಿಲ್ಲ. ಅವಳು ಕಂಡದ್ದು ಮುಚ್ಚಿದ ಕಣ್ಣುಗಳನ್ನಷ್ಟೇ. ಮುಚ್ಚಿದ ಮೇಲೆ ಯಾವುದು ಇತ್ತು, ಯಾವುದು ಹೋಗಿತ್ತು, ಹೇಗೆ ಗೊತ್ತಾಗಬೇಕು?

ಮೇಡಂ ಭೂತಗನ್ನಡಿಯನ್ನು ಅಮಿತನ ಮುಂದೆ ಸರಿಸಿದರು. ಗುಟ್ಟು ರುಕ್ಮವ್ವನಿಗೇ ಗೊತ್ತಿದ್ದ ಮೇಲೆ ಅವರ ಮಾತಿಗೆ ತಡೆ ಇರಲಿಲ್ಲ.

"ಹೊಲದಾಗ ಲೈಟ್ ಇರಲಿಲ್ಲ ಅಂದ್ರಿ. ಬಿಸಿಲು ಎಡಗಡಿಂದ ಅಂದ್ರಿ. ಮುಖಕ್ಕ ಬೆಳಕು ಎಡಕ್ಕೇ ಐತಿ, ಒಪ್ಪಿದೆ. ಅದು ರುಕ್ಮವ್ವನ ಪಡಸಾಲಿ ಬಾಗಿಲದ ಬೆಳಕು. ಆದ್ರ ಕಣ್ಣಾಗಿನ ಬೆಳಕು ಬಲಕ್ಕ ಯಾಕೈತಿ? ಮತ್ತ ಅದು ಚೌಕ ಯಾಕೈತಿ? ನಿಮ್ಮ ಹೊಲದಾಗ ಚೌಕ ಸೂರ್ಯ ಮೂಡ್ತಾನೇನು?"

ಅಮಿತ ಪೊಟ್ಟಣ ನೋಡಿದ. ಭೂತಗನ್ನಡಿಯನ್ನು ಮುಟ್ಟಲಿಲ್ಲ.

"ಇದು ಜೀವಂತ ಮನಶ್ಯಾನ ಫೋಟೋ ಅಂತ ತಿಳಕೊಂಡ್ರಿ ನೀವು. ಅಲ್ಲೇ ಎಡವಿದ್ರಿ. ಶ್ರೀವಾಣಿ ದೊಡ್ಡ ಪ್ರತಿ ತೆಗೆಸಾಕ ನಿಮ್ಮ ಲ್ಯಾಬಿಗೆ ಫೈಲ್ ಕಳಿಸಿದ್ರು. ನೀವು ಇಟಗೊಂಡ್ರಿ, ಕಂಪನಿಗೆ ಮಾರಿದ್ರಿ. ನೋಂದಣಿ ಆದ್ರ ಸಿಕ್ಕ ಬೀಳ್ತೇನಿ ಅಂತ ಆಕ್ಷೇಪಣೆ ಹಾಕಿದ್ರಿ. ಕಾರ್ಡು ಯಾರೂ ಕದ್ದಿಲ್ಲ, ಶ್ರೀವಾಣಿನೇ ಅಳಿಸ್ಯಾರ. ಇಲ್ಲಿ ಕಳ್ಳ ನೀವೊಬ್ಬರೇ."

ಅಮಿತ ಸಹಿ ಮಾಡಿದ. ಆಕ್ಷೇಪಣೆ ವಾಪಸು, ಆ ಮುಖ ಇನ್ನು ಅಚ್ಚು ಹಾಕಬಾರದೆಂದು ಕಂಪನಿಗೊಂದು ತಪ್ಪೊಪ್ಪಿಗೆಯ ಪತ್ರ. ಎರಡನ್ನೂ ನಾನೇ ಟೈಪು ಮಾಡಿದೆ. ಅವನು ಮೆಟ್ಟಿಲಿಳಿಯುವ ಸಪ್ಪಳ ನಿಂತ ಮೇಲೂ ಶ್ರೀವಾಣಿ ಅಲ್ಲಾಡಲಿಲ್ಲ.

"ಫೋಟೋ ನೋಡಿದಾಗಲೇ ನಿಮಗ ಗೊತ್ತಾಗಿತ್ತು?" ಕೊನೆಗೆ ರುಕ್ಮವ್ವನನ್ನು ಕೇಳಿದಳು.

"ಗೊತ್ತಾಗೂದಿಲ್ಲೇನ್ರಿ ಅಕ್ಕಾರ? ಹೆತ್ತಾಕಿ ಕಣ್ಣು."

"ಮತ್ತ ಯಾಕ ಕೇಳಲಿಲ್ಲ?"

"ಕೇಳಿದ್ರ ತಿರುಗಿ ತಗೋತೀರೇನೋ ಅಂತ." ರುಕ್ಮವ್ವ ಪೊಟ್ಟಣಗಳನ್ನು ಒಂದರ ಮೇಲೊಂದು ಜೋಡಿಸಿದಳು. "ಬದುಕಿದ್ದಾಗಂತೂ ಸಿಗಲಿಲ್ಲ. ಈಗರ ಎರಡೂ ಕಣ್ಣೀಲೆ ನೋಡಲಿ ಅಂದೆ. ಯಾರವ್ರಿ ಆ ಕಣ್ಣು?"

"ನಮ್ಮ ತಾಯೀವು."

"ಅವರು ಎಲ್ಲಿ ಅದಾರ?"

ಶ್ರೀವಾಣಿ ಮೇಲಿನ ಪೊಟ್ಟಣವನ್ನು ಕೈಗೆತ್ತಿಕೊಂಡಳು. "ಹೋದ್ರು. ಎಂಟು ತಿಂಗಳಾತು."

"ಅಯ್ಯ, ಹೋಗಿಲ್ಲ ತಗೋರಿ," ರುಕ್ಮವ್ವ ಅಂದಳು. "ನಮ್ಮ ಪಡಸಾಲ್ಯಾಗ ಅದಾರ. ದಿನಾ ನನ್ನ ನೋಡ್ತಾರ. ನಿಮ್ಮನ್ನ ನೋಡಿ ಎಂಟು ತಿಂಗಳಾತಲ್ಲ, ನೀವೂ ಬರ್ರಿ."

ಆಗ ಶ್ರೀವಾಣಿ ಅತ್ತಳು. ಮುಖ ಮುಚ್ಚಿಕೊಳ್ಳದೆ, ದೊಡ್ಡ ದನಿಯಲ್ಲಿ, ಪಕ್ಕದ ಝೆರಾಕ್ಸ್ ಅಂಗಡಿಯವರು ಬಂದು ಇಣುಕುವಷ್ಟು ಅತ್ತಳು. ಮೇಡಂ ಎದ್ದು ಬಾಗಿಲು ಹಾಕಿದರು.

ದಿಲ್ಲಿಯಿಂದ ನೋಂದಣಿ ಪತ್ರ ಬರಲು ಇನ್ನೂ ಕೆಲವು ತಿಂಗಳು ಬೇಕು. ಆ ದಿನ ಮಧ್ಯಾಹ್ನ ನಾನು ಇಬ್ಬರನ್ನೂ ದೇವಣಗಾಂವದ ಟೆಂಪೋದಲ್ಲಿ ಹತ್ತಿಸಿ ಬಂದೆ.